ನಾನು ರೈಟ್ ಅನ್ನುವವರೆಗೆ

ಬಸ್ಸಿನಲ್ಲಿ ನಿಂತುಕೊಂಡೇ ಕೂದಲು ಬೆಳ್ಳಗಾದ ಕಂಡಕ್ಟರ್ ನಾನು. ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದರಲ್ಲಿ ಚಿಲ್ಲರೆ, ಬಾಯಲ್ಲಿ ಸೀಟಿ. ಕಂಬಿ ಹಿಡಿದುಕೊಳ್ಳಲು ಮೂರನೆಯ ಕೈಯನ್ನು ದೇವರು ಕೊಟ್ಟಿಲ್ಲ. ತಿರುವು ಬರಲಿ, ಗುಂಡಿ ಬರಲಿ, ಕಾಲು ನೆಲಕ್ಕೆ ಅಂಟಿಕೊಂಡಿರಬೇಕು. ನನ್ನದು ಅಂಟಿಕೊಂಡೇ ಇತ್ತು, ಆ ದಿನದವರೆಗೆ.

ಆ ದಿನ ಮುದುಕರೊಬ್ಬರನ್ನು ಇಳಿಸಲು ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದೆ. ಅವರ ಚೀಲ ಇನ್ನೂ ನನ್ನ ಕೈಯಲ್ಲೇ ಇತ್ತು. ಒಳಗೆ ಯಾವನೋ ಅವಸರದವನು ಬಸ್ಸಿನ ತಗಡಿಗೆ ಪಟಪಟ ಬಡಿದು ‘ರೈಟ್’ ಎಂದು ಕೂಗಿಬಿಟ್ಟ. ಡ್ರೈವರ್ ಗಾಡಿ ಬಿಟ್ಟ. ನಾನು ರಸ್ತೆಗೆ ಬಿದ್ದೆ. ತೊಡೆಯ ಮೂಳೆ ಮುರಿಯಿತು, ಒಳಗೆ ಸಲಾಕೆ ಇಟ್ಟು ಸ್ಕ್ರೂ ಬಿಗಿದರು.

ಕೆಲವು ತಿಂಗಳು ಕಳೆದ ಮೇಲೆ ಡಿಪೋ ಮ್ಯಾನೇಜರ್ ಕರೆಸಿದರು. “ಓಡೋ ಬಸ್ಸಲ್ಲಿ ಎರಡೂ ಕೈ ಬಿಟ್ಟು ನಿಂತು ತೋರ್ಸಿ, ಆಮೇಲೆ ಡ್ಯೂಟಿಗೆ ಬಸ್ ಹತ್ತಿ. ಆಗಲ್ಲ ಅಂದ್ರೆ ಆಫೀಸಲ್ಲಿ ಕೂರ್ಸ್ತೀವಿ, ಸಂಬಳಕ್ಕೇನೂ ತೊಂದ್ರೆ ಇಲ್ಲ” ಎಂದರು. ಪಾಪ, ಒಳ್ಳೆಯ ಮಾತನ್ನೇ ಆಡಿದರು. ಆದರೆ ಆ ಆಫೀಸು ನನಗೆ ಗೊತ್ತು. ಗೋಡೆಗೆ ಮುಖ ಮಾಡಿದ ಮೇಜು, ಕಿರ್ರೆನ್ನುವ ಫ್ಯಾನು, ಮಾತಾಡಿಸಲು ಒಂದು ಸ್ಟೇಪ್ಲರು. ಅಲ್ಲಿ ಕೂತರೆ ವರ್ಷ ತುಂಬುವುದರೊಳಗೆ ನಾನು ಸತ್ತೇ ಹೋಗುತ್ತೇನೆ ಎಂದು ಅತ್ತೆಯ ಮುಂದೆ ಗೋಳಾಡಿದೆ.

“ಅದಕ್ಕೂ ಮೊದ್ಲು ನಿನ್ ಮಾತು ಕೇಳಿ ಕೇಳಿ ಆ ಸ್ಟೇಪ್ಲರ್ ಸಾಯತ್ತೆ” ಎಂದರು ಅತ್ತೆ.

ನಮ್ಮ ಯಜಮಾನರು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅತ್ತೆಗೆ ಎಂಬತ್ತು ದಾಟಿದೆ, ಮಹಡಿ ಮೆಟ್ಟಿಲನ್ನು ದಡದಡ ಹತ್ತುತ್ತಾರೆ. ನಾನು ಕೋಲೂರಿಕೊಂಡು ಬಚ್ಚಲಿಗೆ ಹೋಗುವಾಗಲೆಲ್ಲ “ನಿಧಾನ ಕಣಜ್ಜಿ” ಎಂದು ಕಿಚಾಯಿಸುತ್ತಿದ್ದರು. ಮೈ ಉರಿಯುತ್ತಿತ್ತು. ಆದರೂ ಆ ಮಾತಿಲ್ಲದಿದ್ದರೆ ಆ ದಿನಗಳನ್ನು ನಾನು ಕಳೆಯುತ್ತಲೇ ಇರಲಿಲ್ಲ.

ಫಿಸಿಯೋಥೆರಪಿಗೆಂದು ಹೋದದ್ದು ಒಂದು ಉದ್ದನೆಯ ಕೋಣೆಗೆ. ನಡುವೆ ಸೊಂಟದೆತ್ತರಕ್ಕೆ ಎರಡು ಕಂಬಿಗಳು, ಗೋಡೆಗೆ ಆನಿಸಿಟ್ಟ ಚಾಪೆಗಳು, ಎಲ್ಲೆಲ್ಲೂ ನೋವಿನ ಮುಲಾಮಿನ ವಾಸನೆ. ನನ್ನನ್ನು ನೋಡಿಕೊಳ್ಳಲು ಬಂದವಳು ನನ್ನ ಮಗಳ ವಯಸ್ಸಿನವಳು, ನನಗೆ ಮಗಳಿದ್ದಿದ್ದರೆ.

“ಬನ್ನಿ ಅಮ್ಮಾ” ಎಂದಳು.

“ನಾನೇನು ನಿಮ್ಮಮ್ಮ ಅಲ್ಲ” ಎಂದೆ. ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

“ಮತ್ತೇನಂತ ಕರೀಲಿ?”

“ಕಂಡಕ್ಟರ್ ಅನ್ನಿ.”

“ಸರಿ ಕಂಡಕ್ಟರ್. ಬಾಗಿಲಲ್ಲಿ ನಿಲ್ಬೇಡಿ, ಒಳಗೆ ನಡೀರಿ, ಒಳಗೆ ನಡೀರಿ!”

ಜನ್ಮವೆಲ್ಲ ಊರಿಗೆ ನಾನು ಹೇಳಿದ ಮಾತನ್ನು ನನಗೇ ತಿರುಗಿಸಿ ಹೇಳಿದ್ದಳು. ನಗು ಬಂತು. ಬಂದದ್ದನ್ನು ತೋರಿಸಿಕೊಳ್ಳಲಿಲ್ಲ.

ಹುಡುಗಿ ಕೆಟ್ಟವಳಲ್ಲ. ಎಲ್ಲಿ ನೋವು ಎಂದು ಕೇಳುವ ಮೊದಲು, ಕಾಲು ಸರಿಹೋದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಬಸ್ಸು ಎಂದೆ. ಮಾರನೆಯ ವಾರ ಬಂದು ನೋಡಿದರೆ ಆ ಕಂಬಿಗಳ ನಡುವೆ ನೆಲದ ಮೇಲೆ ಬಿಳಿ ಟೇಪು ಅಂಟಿಸಿ ಬಸ್ಸಿನ ಓಣಿಯಷ್ಟೇ ಅಗಲದ ದಾರಿ ಮಾಡಿಟ್ಟಿದ್ದಳು. ರಜೆಯ ದಿನ ಬಸ್ ಹತ್ತಿ, ಕಂಡಕ್ಟರುಗಳು ಕಾಲು ಹೇಗೆ ಅಗಲಿಸಿ ನಿಲ್ಲುತ್ತಾರೆಂದು ನೋಡಿಕೊಂಡು ಬಂದಿದ್ದಳಂತೆ. ಅಡಿಯಲ್ಲಿ ದುಂಡನೆಯ ಮರದ ತುಂಡಿದ್ದು ಅತ್ತಿತ್ತ ತೂಗುವ ಒಂದು ಹಲಗೆಯಿತ್ತು. ಅದರ ಮೇಲೆ ನನ್ನನ್ನು ನಿಲ್ಲಿಸಿ “ಗುಂಡಿ ಬಂತು, ತಿರುವು ಬಂತು” ಎಂದು ಕಾಲಿನಿಂದ ಅಲ್ಲಾಡಿಸುತ್ತಿದ್ದಳು. ಬಾಯಿಗೆ ಬಂದಂತೆ ಬೈಯುತ್ತ ನಿಲ್ಲುತ್ತಿದ್ದೆ. ಕಾಲಿಗೆ ಬಲ ಬಂತು, ಸುಳ್ಳು ಹೇಳಬಾರದು.

ಆದರೆ ಕೈ ಮಾತ್ರ ಕಂಬಿ ಬಿಡಲೊಲ್ಲದು. ಬಿಡಬೇಕು ಎಂದುಕೊಂಡ ತಕ್ಷಣ ಬೆವರು ಕಿತ್ತುಬರುತ್ತಿತ್ತು. ಆಗ ಅವಳು ನನ್ನ ಸೊಂಟಕ್ಕೆ ಅಗಲವಾದ ಪಟ್ಟಿಯೊಂದನ್ನು ಕಟ್ಟಿ, ಹಿಂದೆ ನಿಂತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನಾನು ಹಿಡ್ಕೊಂಡಿದೀನಿ ಕಂಡಕ್ಟರ್, ನೀವು ನಡೀರಿ” ಎಂದಳು. ಅವಳ ಮಾತು ನಂಬಿ ಕಂಬಿ ಬಿಟ್ಟೆ. ನಡೆದೆ. ದಿನಾ ನಡೆದೆ. ಮನೆಗೆ ಬಂದು ಅತ್ತೆಯ ಮುಂದೆ ಜಂಬ ಕೊಚ್ಚಿಕೊಂಡೆ.

ಒಂದು ದಿನ ಯಾರೋ ಕೋಣೆ ಗುಡಿಸುವಾಗ ನಿಲುವುಗನ್ನಡಿಯನ್ನು ಓಣಿಯ ಕೊನೆಗೆ ಸರಿಸಿಟ್ಟಿದ್ದರು. ನಡೆಯುತ್ತ ನಡೆಯುತ್ತ ತಲೆ ಎತ್ತಿದೆ. ಕನ್ನಡಿಯಲ್ಲಿ ನಾನು ಕಂಡೆ, ನನ್ನ ಹಿಂದೆ ಅವಳು ಕಂಡಳು. ಅವಳ ಎರಡೂ ಕೈ ಗಾಳಿಯಲ್ಲಿದ್ದವು, ಪಟ್ಟಿಗೆ ತಾಗಿಯೇ ಇರಲಿಲ್ಲ. ಬಾಯಿ ಮಾತ್ರ “ಹಿಡ್ಕೊಂಡಿದೀನಿ, ನಡೀರಿ” ಎನ್ನುತ್ತಿತ್ತು.

ಕಾಲು ಕುಸಿಯಿತು, ಪಕ್ಕದ ಕಂಬಿಗೆ ಜೋತುಬಿದ್ದೆ.

ಅವಳು ಹಿಂದಿನಿಂದ ಗಬಕ್ಕನೆ ಹಿಡಿದುಕೊಂಡಳು. ಮುಖದಲ್ಲಿ ಸಂತೋಷ ಬೇರೆ! “ನೋಡಿದ್ರಾ? ಎಷ್ಟು ದಿನದಿಂದ ನೀವೇ ನಡೀತಿದೀರಿ! ನಾನು ಹಿಡ್ದೇ ಇರ್ಲಿಲ್ಲ!”

“ಯಾರನ್ನ ಕೇಳಿ ಬಿಟ್ಟೆ?” ಎಂದೆ. ಬಹುವಚನ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ಹೇಳಿದ್ರೆ ನೀವು ಹೆದರ್ತೀರಿ ಅಂತ...”

“ಯಾರನ್ನ ಕೇಳಿ ಬಿಟ್ಟೆ ಅಂದೆ!”

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದುಕೊಂಡು ಪಟ್ಟಿ ಕಿತ್ತು ಚಾಪೆಯ ಮೇಲೆ ಎಸೆದೆ, ಕೋಲು ತೆಗೆದುಕೊಂಡು ಹೊರಟುಬಂದೆ.

ಮನೆ ಸೇರಿದ ಮೇಲೆ ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಡಿಪೋದಿಂದ ಪರೀಕ್ಷೆಯ ದಿನ ಹೇಳಿ ಕಳಿಸಿದರು, ಬರುತ್ತೇನೆಂದು ಹೇಳಿ ಕಳಿಸಲಿಲ್ಲ. ಕಾಲಿಗೆ ಬಲವಿದೆಯೆಂದು ಈಗ ಗೊತ್ತಾಗಿತ್ತು, ಆದರೂ ಅಡುಗೆಮನೆಯಿಂದ ಹೊಸ್ತಿಲಿಗೆ ಬರಲು ಗೋಡೆ ಹಿಡಿಯುತ್ತಿದ್ದೆ. ಮೊದಲಿಗಿಂತ ಹಾಳಾಗಿಹೋಗಿದ್ದೆ.

“ಆ ಹುಡ್ಗಿ ನಿನ್ ಒಳ್ಳೇದಕ್ಕೇ ಮಾಡಿದ್ದು” ಎಂದರು ಅತ್ತೆ.

“ನನ್ ಕೈ ಬಿಡೋರೆಲ್ಲ ಒಳ್ಳೇದಕ್ಕೇ ಬಿಡ್ತಾರೆ” ಎಂದೆ. ಅತ್ತೆ ಆಮೇಲೆ ಕಿಚಾಯಿಸಲಿಲ್ಲ. ಅದನ್ನು ಕಂಡು ನನಗೆ ಇನ್ನಷ್ಟು ದಿಗಿಲಾಯಿತು.

ಭಾನುವಾರ ಬೆಳಗ್ಗೆ ಹುಡುಗಿ ಮನೆಗೇ ಬಂದಳು. ಅತ್ತೆ ಬಾಗಿಲು ತೆಗೆದು, ಚಹಾ ಕೊಟ್ಟು, ತಾವು ಮಹಡಿ ಹತ್ತಿಬಿಟ್ಟರು. ಬೇಕೆಂದೇ. ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ನಿಂತೆ. ಎಷ್ಟು ಹೊತ್ತು ಸದ್ದು ಮಾಡಲಾದೀತು? ಪಾತ್ರೆಗಳು ಮುಗಿದವು. ಹೊರಗೆ ಬಂದೆ.

“ತಪ್ಪಾಯ್ತು ಕಂಡಕ್ಟರ್” ಎಂದಳು.

“ನಿನಗೆ ಅದು ತಪ್ಪು ಅಂತ ಗೊತ್ತಾ, ಇಲ್ಲಾ ನಾನು ಕೂಗಾಡಿದೆ ಅಂತ ಹೇಳ್ತಿದೀಯಾ?”

ಅವಳು ಯೋಚಿಸಿದಳು. ಒಳ್ಳೆಯ ಬುದ್ಧಿಯೆಂದರೆ ಅದು, ಥಟ್ಟನೆ ಬೆಣ್ಣೆ ಹಚ್ಚಲಿಲ್ಲ. “ಪೂರ್ತಿ ಗೊತ್ತಾಗಿಲ್ಲ. ನಮ್ಮಲ್ಲಿ ಎಷ್ಟೋ ಜನರ ಹತ್ರ ಹೀಗೇ ಮಾಡ್ತೀವಿ. ಗೊತ್ತಾದ್ಮೇಲೆ ನಗ್ತಾರೆ, ಖುಷಿ ಪಡ್ತಾರೆ. ನೀವ್ಯಾಕೆ ಹಾಗಾದ್ರಿ ಅಂತ ಹೇಳಿ” ಎಂದಳು.

ಹೇಳಿದೆ. ಆ ಮೆಟ್ಟಿಲು, ಮುದುಕರ ಚೀಲ, ತಗಡಿನ ಮೇಲೆ ಬಿದ್ದ ಏಟು. “ಬಸ್ಸಲ್ಲಿ ಒಂದೇ ಒಂದು ನಿಯಮ ಕಣೇ. ಎಲ್ಲರ ಕಾಲೂ ಒಳಗೆ ಬಂತು ಅಂತ ನೋಡೋಳು ನಾನು, ರೈಟ್ ಅನ್ನೋಳು ನಾನು. ನನ್ ಬಾಯಿಂದ ಆ ಮಾತು ಬರದೆ ಚಕ್ರ ಅಲ್ಲಾಡಬಾರದು. ಅವತ್ತು ಅಲ್ಲಾಡ್ತು. ನಿನ್ನ ಕೋಣೇಲೂ ಅಲ್ಲಾಡ್ತು.” ಯಾರ ಮುಂದೆಯೂ ಅದನ್ನು ಹಾಗೆ ಹೇಳಿರಲಿಲ್ಲ, ಅತ್ತೆಯ ಮುಂದೆ ಕೂಡ.

ಅವಳ ಚಹಾ ತಣ್ಣಗಾಗಿತ್ತು. “ಮೂಳೆ ಎಲ್ಲಿ ಮುರಿದಿದೆ ಅಂತ ನೋಡಿದ್ದೆ. ಹೇಗೆ ಮುರೀತು ಅಂತ ಕೇಳ್ಲೇ ಇಲ್ಲ ನಾನು. ಈಗ ಗೊತ್ತಾಯ್ತು. ತಪ್ಪು ಮಾಡ್ದೆ” ಎಂದಳು. ಆಮೇಲೆ ಕೇಳಿದಳು: “ಇನ್ಮೇಲೆ ನೀವು ರೈಟ್ ಅನ್ನೋವರೆಗೂ ನಾನು ಪಟ್ಟಿ ಬಿಡಲ್ಲ. ಬಿಟ್ಮೇಲೆ ನೀವು ಹೋಲ್ಡಾನ್ ಅನ್ನೋವರೆಗೂ ಮುಟ್ಟಲ್ಲ. ಬರ್ತೀರಾ?”

“ನೋಡೋಣ” ಎಂದೆ. ಸೋಮವಾರ ಬಾಗಿಲು ತೆಗೆಯುವ ಮೊದಲೇ ಹೋಗಿ ಕೂತಿದ್ದೆ.

ಹೇಳುವುದು ಸುಲಭ. ಪಟ್ಟಿ ಕಟ್ಟಿದಳು, ಹಿಡಿದಳು, ನಾನು ಓಣಿಯಲ್ಲಿ ನಿಂತೆ. ‘ರೈಟ್’ ಎಂಬುದು ಬಾಯಿಗೆ ಬರಲಿಲ್ಲ. ಸಾವಿರ ಸಲ ಕೂಗಿದ ಮಾತು ನಾಲಿಗೆಗೆ ಮೆತ್ತಿಕೊಂಡಿತು. ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಅವಳು ಹಿಡಿದುಕೊಂಡೇ ಇದ್ದಳು. ತೋಳು ನಡುಗುವುದು ಪಟ್ಟಿಯಲ್ಲೇ ನನಗೆ ತಿಳಿಯುತ್ತಿತ್ತು. ಅವಳ ಮೇಲಧಿಕಾರಿ ಡಾಕ್ಟರು ಬಂದು, ಒಬ್ಬರಿಗೇ ಇಷ್ಟು ಹೊತ್ತು ಯಾಕೆ ಎಂದು ಗದರಿದರು. “ಇವರು ಹೇಳೋವರೆಗೂ ಬಿಡಲ್ಲ ಅಂದಿದೀನಿ ಸಾರ್” ಎಂದಳು ಅಷ್ಟೇ. ಕೈ ಬದಲಾಯಿಸುವುದಕ್ಕೂ ನನ್ನ ಅಪ್ಪಣೆ ಕೇಳುತ್ತಿದ್ದಳು.

ಆಮೇಲೊಂದು ದಿನ ಹಿಂದಿನಿಂದ ಸಣ್ಣ ದನಿ ಬಂತು. “ಕಂಡಕ್ಟರ್, ಮೂಗು ತುರಿಸ್ತಿದೆ. ಒಂದ್ ಕೈ ಬಿಡ್ಲಾ?”

“ಬೇಡ.”

“ಸರಿ.” ಆಮೇಲೆ ಬುಸ್ ಬುಸ್ ಎಂದು ಉಸಿರು ಬಿಡತೊಡಗಿದಳು. ಕನ್ನಡಿ ಇನ್ನೂ ಎದುರಿಗೇ ಇತ್ತು. ನೋಡಿದರೆ ಎರಡೂ ಕೈಯಲ್ಲಿ ಪಟ್ಟಿ ಬಿಗಿಯಾಗಿ ಹಿಡಿದುಕೊಂಡು, ಮೂಗನ್ನು ತನ್ನ ಹೆಗಲಿಗೆ ಉಜ್ಜಲು ಕತ್ತು ತಿರುಚುತ್ತಿದ್ದಾಳೆ. ಹೆಗಲಿಗೆ ಮೂಗು ಎಟುಕುತ್ತಿಲ್ಲ. ಕಣ್ಣಲ್ಲಿ ನೀರು ಬಂದಿದೆ. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ “ಅಯ್ಯೋ, ತುರಿಸ್ಕೊಂಡು ಸಾಯೇ ಮಾರಾಯ್ತಿ! ರೈಟ್, ರೈಟ್!” ಎಂದುಬಿಟ್ಟೆ.

ಅವಳು ಬಿಟ್ಟಳು. ಎರಡೂ ಕೈಯಿಂದ ಮೂಗು ಕಿತ್ತುಹೋಗುವಂತೆ ತುರಿಸಿಕೊಂಡಳು. ನಾನು ನಿಂತೇ ಇದ್ದೆ. ಅವಳು ಬಿಟ್ಟದ್ದು ಗೊತ್ತಿದ್ದೂ ನಿಂತಿದ್ದೆ. ಹಾಗೆ ನಿಲ್ಲುವುದೇ ಬೇರೆ. ಮನೆಗೆ ಹೋಗಿ ಹೇಳಿದರೆ ಅತ್ತೆ ನಂಬಲಿಲ್ಲ, ಕೋಲು ಕಿತ್ತುಕೊಂಡು ಪರೀಕ್ಷೆ ಮಾಡಿಯೇ ನೋಡಿದರು.

ಪರೀಕ್ಷೆಗೆ ಬರುತ್ತೇನೆಂದು ಡಿಪೋಗೆ ಹೇಳಿ ಕಳಿಸಿದೆ. ಆ ದಿನ ಹುಡುಗಿಯೂ ರಜೆ ಹಾಕಿ ಅಲ್ಲಿಗೆ ಬಂದಳು. ನನ್ನ ಹಳೆಯ ಡ್ರೈವರ್ ಗಾಡಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ನಾನು ಬಿದ್ದ ದಿನದಿಂದ ನನಗೆ ಮುಖ ತೋರಿಸಿರಲಿಲ್ಲ. “ಅಕ್ಕಾ...” ಎಂದ.

“ನನ್ ಸೀಟಿ ಕೇಳದೆ ಗಾಡಿ ಅಲ್ಲಾಡ್ಸಿದ್ರೆ ಕಿವಿ ಕಿತ್ತು ಕೈಗೆ ಕೊಡ್ತೀನಿ” ಎಂದೆ.

“ಆಯ್ತಕ್ಕಾ” ಎಂದವನ ಮುಖಕ್ಕೆ ಜೀವ ಬಂತು.

ಮ್ಯಾನೇಜರ್ ಹುಡುಗಿಗೆ, “ನೀವು ಕೂತ್ಕೊಂಡಿರಿ, ಅವರನ್ನ ಮುಟ್ಟೋ ಹಾಗಿಲ್ಲ” ಎಂದರು. ಅವಳು ಕೊನೆಯ ಸೀಟಿನಲ್ಲಿ ಕೂತಳು. ಮ್ಯಾನೇಜರ್ ಓಣಿಯಲ್ಲಿ ನನ್ನ ಎದುರು ನಿಂತರು. ನಾನು ಕಾಲು ಅಗಲಿಸಿದೆ, ಎರಡೂ ಕೈಯಲ್ಲಿ ಯಂತ್ರ ಹಿಡಿದೆ, ಸೀಟಿ ಊದಿದೆ. ಗಾಡಿ ಹೊರಟಿತು. ಕಾಲು ನಿಂತಿತು. ಒಂದು ತಿರುವು ದಾಟಿದೆವು, ಸಂತೆಬೀದಿಯ ಗುಂಡಿಗಳನ್ನು ದಾಟಿದೆವು. ಮ್ಯಾನೇಜರ್ ತಲೆಯಾಡಿಸಿದರು.

ಅಷ್ಟರಲ್ಲಿ ಗಲ್ಲಿಯೊಂದರಿಂದ ಸೈಕಲ್ಲಿನವನು ಅಡ್ಡ ನುಗ್ಗಿದ. ಡ್ರೈವರ್ ಬ್ರೇಕ್ ಒತ್ತಿದ. ಮೈಯೆಲ್ಲ ಮುಂದಕ್ಕೆ ಹೋಯಿತು. ನನ್ನ ಭಾರವೆಲ್ಲ ಸಲಾಕೆ ಇರುವ ಕಾಲಿನ ಮೇಲೆ ಬಿತ್ತು. ಮುರಿಯಿತು ಎಂದೇ ಅಂದುಕೊಂಡೆ. ಮುರಿಯಲಿಲ್ಲ. ಒಂದು ಹೆಜ್ಜೆ ಹೋಗಿ ಗಟ್ಟಿಯಾಗಿ ಊರಿ ನಿಂತಿತು. ಮ್ಯಾನೇಜರ್ ಮಾತ್ರ ಕಾಲು ಜಾರಿ ಡ್ರೈವರ್ ಮೇಲೆಯೇ ಬೀಳುವವರಿದ್ದರು. ಯಂತ್ರ ಕಂಕುಳಿಗೆ ಸಿಕ್ಕಿಸಿ, ಅವರ ಶರ್ಟಿನ ಕೊರಳು ಹಿಡಿದು ಎಳೆದು ನಿಲ್ಲಿಸಿದೆ. “ಕಂಬಿ ಹಿಡ್ಕೊಂಡು ನಿಲ್ರಿ ಸಾರ್, ಎಷ್ಟ್ ಸಲ ಹೇಳೋದು!” ಎಂದು ಬೈದೂಬಿಟ್ಟೆ. ಅಭ್ಯಾಸ.

ಅವರು ಶರ್ಟು ಸರಿಮಾಡಿಕೊಂಡರು. “ನಾಳೆ ಬೆಳಗ್ಗೆ ಮೊದಲ ಟ್ರಿಪ್ಪಿಗೆ ಬನ್ನಿ” ಎಂದರು.

ಆಗ ಹಿಂದಕ್ಕೆ ತಿರುಗಿ ನೋಡಿದೆ. ಹುಡುಗಿ ಕೊನೆಯ ಸೀಟಿನಲ್ಲಿ ಕೂತ ಹಾಗೆಯೇ ಕೂತಿದ್ದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ತುಟಿ ಕಚ್ಚಿಕೊಂಡು. ಮುಖ ಬಿಳುಚಿಹೋಗಿತ್ತು. ಕಣ್ಣೀರು ಕೆನ್ನೆ ದಾಟಿ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲೂ ಕೈ ತೆಗೆದಿರಲಿಲ್ಲ.

ಓಣಿಯಲ್ಲಿ ನಡೆದು ಅವಳ ಹತ್ತಿರ ಹೋದೆ. “ಏನೇ, ನಾನು ಬಿದ್ದುಹೋಗಿದ್ರೆ?”

“ನೀವು ಹೋಲ್ಡಾನ್ ಅನ್ಲಿಲ್ಲವಲ್ಲ” ಎಂದಳು. “ಜೀವ ಬಾಯಿಗೆ ಬಂದಿತ್ತು ಕಂಡಕ್ಟರ್.”

ಮೂಳೆ ಮುರಿದವರನ್ನು ಹಿಡಿಯುವುದೇ ಅವಳ ಕಸುಬು. ಕಣ್ಣೆದುರಿಗೆ ನಾನು ಮುಗ್ಗರಿಸುವಾಗ ಎದ್ದು ಬರದೆ ಕೂತಿರಲು ಅವಳಿಗೆ ಎಷ್ಟು ಕಷ್ಟವಾಗಿರಬೇಕು! ನಾನು ಕರೆದಿರಲಿಲ್ಲ, ಅವಳು ಬಂದಿರಲಿಲ್ಲ. ಜೀವಮಾನದಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟವರು ಇನ್ನೊಬ್ಬರಿಲ್ಲ.

ಅವಳ ಪಕ್ಕ ಕೂತೆ. ತೊಡೆಯ ಕೆಳಗಿನಿಂದ ಅವಳ ಕೈಗಳನ್ನು ಎಳೆದು ತೆಗೆದೆ. ಸೀಟಿನ ಹೊಲಿಗೆ ಒತ್ತಿ ಅಂಗೈಯಲ್ಲೆಲ್ಲ ಕೆಂಪು ಗೆರೆ ಬಿದ್ದಿತ್ತು. ಅವನ್ನು ನನ್ನ ಕೈಗಳೊಳಗೆ ಇಟ್ಟುಕೊಂಡು ಉಜ್ಜಿದೆ.

“ಹೋಗ್ಲಾ ಅಕ್ಕಾ?” ಎಂದು ಡ್ರೈವರ್ ಮುಂದಿನಿಂದ ಕೂಗಿದ.

“ಸ್ವಲ್ಪ ತಡಿಯಪ್ಪ, ಇಲ್ಲೊಬ್ಬಳು ಅಳ್ತಿದಾಳೆ” ಎಂದೆ. ನಾನೂ ಅಳುತ್ತಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ.