ಅರ್ಧ ಸ್ವರ ಕೆಳಗೆ

ನಾನು ಒಂದು ಬೇಸ್. ಪಿಟೀಲಿನ ಕುಲದಲ್ಲಿ ಎಲ್ಲರಿಗಿಂತ ದೊಡ್ಡವನು, ಎಲ್ಲರಿಗಿಂತ ತಗ್ಗು ದನಿಯವನು. ಉಳಿದ ಪಿಟೀಲುಗಳು ಹೆಗಲೇರಿ ಕೂತು ನುಡಿಸಿಕೊಳ್ಳುತ್ತವೆ. ನನ್ನನ್ನು ನುಡಿಸಬೇಕಾದರೆ ಎಂಥವರೂ ಎದ್ದು ನಿಲ್ಲಬೇಕು. ಈ ಜಂಬ ನನಗೆ ಮೊದಲಿನಿಂದಲೂ ಇದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಹುಟ್ಟಿದ್ದು ಮಂಗಳೂರಿನಲ್ಲಿ, ಲೋಕಯ್ಯ ಆಚಾರಿಯ ಚಪ್ಪರದ ಕೆಳಗೆ. ಆಚಾರಿ ಬಾಗಿಲು, ತೊಟ್ಟಿಲು, ಮದ್ದಳೆಯ ಮರದ ಒಡಲು ಮಾಡಿ ಹೆಸರಾದವನು. ಬೇಸ್ ಎಂಬುದನ್ನು ಕಣ್ಣಾರೆ ಕಂಡವನಲ್ಲ. ಹಂಚಿನ ಕಾರ್ಖಾನೆಯ ಗುಮಾಸ್ತ ಎಬನೇಜರ್ ಮಾಸ್ಟ್ರು ತಮ್ಮ ಪಿಟೀಲನ್ನು ಅವನ ಕೈಗೆ ಕೊಟ್ಟು, ಇದನ್ನೇ ಆಳೆತ್ತರ ಮಾಡಿಕೊಡು ಎಂದರು. ಕಾರ್ಖಾನೆಯಲ್ಲಿ ಗುಮಾಸ್ತರಾದರೂ ಚರ್ಚಿನಲ್ಲಿ ಹಾಡು ಕಲಿಸುತ್ತಿದ್ದದ್ದರಿಂದ ಅವರು ಊರಿಗೆಲ್ಲ ಮಾಸ್ಟ್ರು. ಆಚಾರಿ ಪಿಟೀಲನ್ನು ತಿರುವಿ ಮುರುವಿ ನೋಡಿ, ಆಗಲಿ ಎಂದು ತಲೆಯಾಡಿಸಿದ.

ನನ್ನ ಬೆನ್ನು, ಪಕ್ಕೆ, ಕುತ್ತಿಗೆ ಎಲ್ಲವೂ ಹಲಸು. ಎದೆಯ ಹಲಗೆ ಮಾತ್ರ ದೇವದಾರು. ಅದರದ್ದೂ ಒಂದು ಕತೆಯಿದೆ. ನಮ್ಮ ಚರ್ಚಿಗೆ ಕಾಲಿನಿಂದ ತುಳಿದು ನುಡಿಸುವ ಆರ್ಗನ್ನೊಂದು ಹಡಗಿನಲ್ಲಿ ಬಂದಿತ್ತು. ಅದು ಬಂದ ಪೆಟ್ಟಿಗೆಯ ಹಲಗೆಗಳನ್ನು ಮಾಸ್ಟ್ರು ಅಟ್ಟದಲ್ಲಿ ಜೋಪಾನ ಮಾಡಿದ್ದರು. ಅದೇ ನನ್ನ ಎದೆಯಾಯಿತು. ಹೀಗಾಗಿ ಆರ್ಗನ್ನಿಗೂ ನನಗೂ ನೆಂಟಸ್ತಿಕೆ.

ಆ ಆರ್ಗನ್ನಿನಲ್ಲಿ ಒಂದು ಕೊರತೆಯಿತ್ತು. ಲೋಕವೆಲ್ಲ ಒಪ್ಪಿಕೊಂಡ ಶ್ರುತಿಗಿಂತ ಅದರ ಶ್ರುತಿ ಅರ್ಧ ಸ್ವರ ಕೆಳಗೆ. ಮಾಡಿದವರೇ ಹಾಗೆ ಮಾಡಿದರೋ, ಕಡಲು ದಾಟುವಾಗ ಅದರ ಉಸಿರು ತಗ್ಗಿತೋ, ಯಾರಿಗೂ ಗೊತ್ತಿಲ್ಲ. ನಮ್ಮವರಿಗೆ ಅದು ಕೊರತೆ ಎಂದೇ ತಿಳಿದಿರಲಿಲ್ಲ. ಆರ್ಗನ್ನು ಹೇಳಿದ್ದೇ ಶ್ರುತಿ. ಪಿಟೀಲುಗಳೂ ನಾನೂ ಅದಕ್ಕೇ ತಂತಿ ಬಿಗಿದುಕೊಂಡೆವು, ಚರ್ಚಿನ ಸಭೆಯ ಜನ ತಲೆಮಾರಿನ ಮೇಲೆ ತಲೆಮಾರು ಅದಕ್ಕೇ ಗಂಟಲು ಹೊಂದಿಸಿಕೊಂಡರು. ಮಕ್ಕಳು ಜೋಗುಳದಲ್ಲೂ ಅದೇ ಶ್ರುತಿ ಕೇಳಿ ಬೆಳೆದರು.

ಡಿಸೆಂಬರ್ ಬಂತೆಂದರೆ ನಮ್ಮ ಸುಗ್ಗಿ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಕ್ಕೆ ನಾಲ್ಕು ಮೇಣಬತ್ತಿ, ಒಂದೊಂದು ವಾರ ಒಂದೊಂದು. ನಾಲ್ಕನೆಯದು ಹತ್ತಿದ ಮೇಲೆ ಕ್ರಿಸ್ಮಸ್ ಸಂಗೀತ ಸಂಜೆ. ಅದರ ಕೊನೆಗೆ ಯಾವಾಗಲೂ ಕುರುಬರ ಗೀತೆ. ಅದಕ್ಕೊಂದು ಪದ್ಧತಿಯಿತ್ತು. ಆ ಮೊದಲ ಕ್ರಿಸ್ಮಸ್ ರಾತ್ರಿ ಬಯಲಲ್ಲಿ ಕುರಿ ಕಾಯುತ್ತಿದ್ದ ಕುರುಬರ ಕೈಯಲ್ಲಿ ವಾದ್ಯಗಳೇ ಇರಲಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಆದ್ದರಿಂದ ಮೊದಲ ಚರಣವನ್ನು ಸಭೆ ಬರೀ ಬಾಯಲ್ಲಿ ಹಾಡಬೇಕು. ಎರಡನೆಯ ಚರಣಕ್ಕೆ ಎಲ್ಲರಿಗಿಂತ ಮೊದಲು ನಾನು, ನನ್ನ ದಪ್ಪ ತಂತಿಯ ಅತಿ ತಗ್ಗಿನ ಸ್ವರದಲ್ಲಿ ದನಿಗೂಡಿಸಬೇಕು. ಆಮೇಲೆ ಉಳಿದವರು. ವರ್ಷವಿಡೀ ಹಿಂದಿನ ಸಾಲಿನಲ್ಲಿ ನಿಂತವನಿಗೆ ಆ ಒಂದು ಗಳಿಗೆ ಸಾಕಾಗಿತ್ತು.

ನನ್ನ ಕುತ್ತಿಗೆ ಮುರಿದದ್ದೂ ಒಂದು ಕ್ರಿಸ್ಮಸ್ಸಿನಲ್ಲೇ. ಲಾರಿಯ ಮೇಲೆ ನಿಂತು ಮನೆಮನೆಗೆ ಹಾಡುತ್ತ ಹೋಗುವ ಸಂಭ್ರಮ ಅದು. ನನ್ನನ್ನು ಮಲಗಿಸಿಯೇ ಒಯ್ಯಬೇಕಿತ್ತು. ಮಾಸ್ಟ್ರ ತಂಗಿ ಮಾರ್ಥ, ಮುಂದೆ ಇಡೀ ಸಭೆಗೆ ಮಾರ್ಥತ್ತೆಯಾದವಳು, ಬಿಲ್ಕುಲ್ ಒಪ್ಪಲಿಲ್ಲ. ಮಲಗಿಸಿದರೆ ಶವಪೆಟ್ಟಿಗೆಯ ಹಾಗೆ ಕಾಣುತ್ತದೆ, ಹಬ್ಬದ ದಿನ ಜನರ ಅಂಗಳಕ್ಕೆ ಅದನ್ನು ಒಯ್ಯುವುದೇ ಎಂದಳು. ಮಾರ್ಥತ್ತೆ ಬೇಡ ಎಂದ ಮೇಲೆ ಬೇಡ. ನನ್ನನ್ನು ನಿಲ್ಲಿಸಿ ಹಗ್ಗ ಕಟ್ಟಿದರು. ತಿರುವಿನಲ್ಲಿ ಮರದ ಕೊಂಬೆಯೊಂದು ಅಡ್ಡ ಬಂತು, ಕತ್ತು ಲಟಕ್ಕೆಂದಿತು. ಹೊಡೆದದ್ದು ಯಾವ ಮರ ಅಂತೀರಿ? ಹಲಸು. ನನ್ನವರೇ.

ಮುದುಕನಾಗಿದ್ದ ಲೋಕಯ್ಯ ಆಚಾರಿ ಒಳಗೆ ಮರದ ಮೊಳೆಯಿಟ್ಟು ಅಂಟು ಹಾಕಿ ಕೂಡಿಸಿದ. ಕೊಡುವಾಗ ಒಂದೇ ಮಾತು ಹೇಳಿದ.

"ಮಾಸ್ಟ್ರೇ, ಆರ್ಗನ್ನಿನ ಶ್ರುತಿಯಿಂದ ಒಂದು ಕೂದಲಿನಷ್ಟೂ ಮೇಲೆ ಬಿಗಿಯುವುದು ಬೇಡ. ಬಿಗಿದ್ರೆ ಕುತ್ತಿಗೆ ಕಿತ್ತು ಬರ್ತದೆ. ಮತ್ತೆ ನನ್ನನ್ನು ಕೇಳ್ಬೇಡಿ."

ಮಾಸ್ಟ್ರ ಮಗಳು ಸಲೋಮಿ ಸೋಪಿನ ಪೆಟ್ಟಿಗೆಯ ಮೇಲೆ ನಿಂತು ನನ್ನನ್ನು ನುಡಿಸಲು ಕಲಿತಳು. ಬೆರಳಿಡುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಲೇ ಎಂದು ಕೇಳಿ ಬೈಸಿಕೊಂಡಳು. ಕಣ್ಣಿಗೆ ಗೊತ್ತಾದರೆ ಸಾಲದು, ಕೈಗೆ ಗೊತ್ತಾಗಬೇಕು ಎಂಬುದು ಅಪ್ಪನ ಹಟ. ಅಪ್ಪ ತೀರಿಕೊಂಡ ವರ್ಷ ಅವರ ಜಾಗದಲ್ಲಿ ಸಲೋಮಿ ಬಂದು ನಿಂತಾಗ, ಹೆಣ್ಣುಮಗಳು ಹತ್ತು ಜನರೆದುರು ಅಷ್ಟು ದೊಡ್ಡದನ್ನು ತಬ್ಬಿಕೊಂಡು ನಿಲ್ಲುವುದು ಚೆಂದವಲ್ಲ ಎಂದು ಕೆಲವರು ಗೊಣಗಿದರು. ಅವಳು ತಬ್ಬಿದ್ದು ಹಲಸಿನ ಮರವನ್ನು, ನಿಮ್ಮ ಮಗನನ್ನಲ್ಲ ಎಂದು ಮಾರ್ಥತ್ತೆ ಅವರ ಬಾಯಿ ಮುಚ್ಚಿಸಿದಳು. ಸಲೋಮಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆದಳು, ಕೂದಲು ಬೆಳ್ಳಗಾಯಿತು, ನಿವೃತ್ತಿಯೂ ಆಯಿತು. ಊರಿಗೆಲ್ಲ ಅವಳು ಟೀಚರ್. ನನಗೆ ಇವತ್ತಿಗೂ ಸಲೋಮಿಯೇ.

ಅಷ್ಟರಲ್ಲಿ ಆರ್ಗನ್ನಿಗೆ ಗಾಳಿಯೂದುವ ತಿದಿಯನ್ನು ಗೆದ್ದಲು ತಿಂದು ಮುಗಿಸಿತ್ತು. ಅದರ ದನಿ ನಿಂತುಹೋಯಿತು. ಶ್ರುತಿ ಮಾತ್ರ ನಮ್ಮ ತಂತಿಗಳಲ್ಲೂ ಜನರ ಬಾಯಲ್ಲೂ ಉಳಿದುಕೊಂಡಿತು.

ಆಗ ಬಂದವನು ನಿಶಾಂತ. ನಮ್ಮ ಸಭೆಯ ಹುಡುಗನೇ, ಸಲೋಮಿಯ ಹತ್ತಿರ ಲೆಕ್ಕ ಕಲಿತವನು, ಚೆನ್ನೈಯಲ್ಲಿ ಸಂಗೀತ ಓದಿ ಬಂದಿದ್ದ. ಆ ವರ್ಷದ ಸಂಗೀತ ಸಂಜೆಯ ಹೊಣೆ ಅವನದಾಯಿತು. ಚರ್ಚಿನ ಅಂಗಳ ಸಾಲದು, ಪುರಭವನದಲ್ಲೇ ಮಾಡೋಣ ಎಂದ. ಕೊಳಲು, ಕ್ಲಾರಿನೆಟ್, ಟ್ರಂಪೆಟ್ ನುಡಿಸುವವರನ್ನು ಒಟ್ಟು ಮಾಡಿದ, ಒಂದು ಪಿಯಾನೊ ತರಿಸಿದ. ಒಳ್ಳೆಯ ಹುಡುಗ, ಕೆಲಸದಲ್ಲಿ ಶ್ರದ್ಧೆ. ಆದರೆ ಊದುವ ವಾದ್ಯಗಳೂ ಪಿಯಾನೊವೂ ಲೋಕದ ಶ್ರುತಿಯವು. ಅವು ಕೆಳಗಿಳಿಯುವ ಹಾಗಿರಲಿಲ್ಲ, ನಾವು ಮೇಲೇರಬೇಕಿತ್ತು. ಪಿಟೀಲುಗಳೇನೋ ಬಿರಡೆ ತಿರುವಿಕೊಂಡು ಸಲೀಸಾಗಿ ಏರಿದವು. ನನ್ನ ಬಿರಡೆಯನ್ನು ಒಂದು ಸುತ್ತು ತಿರುಗಿಸಿದ್ದೇ ತಡ, ಕುತ್ತಿಗೆಯ ಬುಡದಲ್ಲಿ ಚಿಟ್ ಎಂದು ಸದ್ದಾಯಿತು. ಸಲೋಮಿ ಥಟ್ಟನೆ ಬಿರಡೆಯನ್ನು ಹಿಂದಕ್ಕೆ ತಿರುಗಿಸಿ ಕೈ ತೆಗೆದಳು. ನನಗೆ ಹೆದರಿಕೆಯಾದದ್ದು ನಿಜ.

ನಿಶಾಂತ ಮುಖ ಸಪ್ಪಗೆ ಮಾಡಿಕೊಂಡು, ಪಿಯಾನೊದ ಎಡಗೈಯಲ್ಲಿ ಬೇಸಿನ ಕೆಲಸ ನಡೆಯುತ್ತದೆ, ಟೀಚರ್ ಮುಂದಿನ ಸಾಲಿನಲ್ಲಿ ಆರಾಮವಾಗಿ ಕೂತು ಕೇಳಲಿ ಎಂದ. ಸಮಿತಿಯವರಲ್ಲೊಬ್ಬರು ಇನ್ನೂ ಮುಂದೆ ಹೋದರು. ಹೋಟೆಲಿನವರೊಬ್ಬರು ನನ್ನನ್ನು ಕೇಳಿದ್ದಾರಂತೆ. ಬಾಗಿಲ ಹತ್ತಿರ ನಿಲ್ಲಿಸಿ, ಮೈಗೆ ಬಣ್ಣದ ಬಲ್ಬಿನ ಸರ ಸುತ್ತುತ್ತಾರಂತೆ. ನುಡಿಸಲಿಕ್ಕೆ ಆಗದ ಮೇಲೆ ಕೊಟ್ಟುಬಿಡೋಣ, ನಾಲ್ಕು ಜನ ನೋಡಿಯಾದರೂ ಸಂತೋಷಪಡಲಿ ಎಂದರು. ನನ್ನ ಜಂಬವೆಲ್ಲ ಆಗ ಜರ್ರನೆ ಇಳಿಯಿತು.

ಸಲೋಮಿ ಎಲ್ಲವನ್ನೂ ಕೇಳಿಸಿಕೊಂಡು, ಕಮಾನನ್ನು ಬಟ್ಟೆಯಿಂದ ಒರೆಸುತ್ತ ಹೇಳಿದಳು.

"ತಂತಿ ಏರುವುದಿಲ್ಲ ಅಂದ್ರೆ ನನ್ನ ಬೆರಳು ಏರ್ತದೆ ನಿಶಾಂತ. ಇದು ಅರ್ಧ ಸ್ವರ ಕೆಳಗೆ ಇರ್ಲಿ. ನಾನು ಪ್ರತಿಯೊಂದು ಸ್ವರವನ್ನೂ ಅರ್ಧ ಮೇಲೆ ಹಿಡೀತೇನೆ."

"ಟೀಚರ್, ಇಷ್ಟು ವರ್ಷದ ಅಭ್ಯಾಸ. ಕೈ ಕೇಳ್ತದಾ?"

"ಕೇಳದೆ ಎಲ್ಲಿಗೆ ಹೋಗ್ತದೆ? ನನ್ನದೇ ಅಲ್ವಾ."

ನಾಲ್ಕನೆಯ ಭಾನುವಾರದ ತಾಲೀಮಿನಲ್ಲಿ ತಪ್ಪಿಲ್ಲದೆ ನುಡಿಸಿದರೆ ಇಬ್ಬರೂ ಪುರಭವನಕ್ಕೆ. ತಪ್ಪಿದರೆ ಅವಳು ಮುಂದಿನ ಸಾಲಿಗೆ, ನಾನು ಹೋಟೆಲಿನ ಬಾಗಿಲಿಗೆ. ಒಪ್ಪಂದ ಹಾಗಾಯಿತು.

ಲೆಕ್ಕದ ಟೀಚರಿಗೆ ಇದು ಸುಲಭವೆಂದು ಕಂಡಿರಬೇಕು. ಎಲ್ಲದಕ್ಕೂ ಒಂದು ಕೂಡಿಸಿದರೆ ಮುಗಿಯಿತು. ಆದರೆ ಕೈ ಲೆಕ್ಕ ಮಾಡುವುದಿಲ್ಲ. ಮೊದಲ ಮೇಣಬತ್ತಿಯ ವಾರವಿಡೀ ಅವಳ ಬೆರಳುಗಳು ಹಳೆಯ ಮನೆಗೇ ಓಡಿಹೋಗುತ್ತಿದ್ದವು. ಅವಳು ಸೀಮೆಸುಣ್ಣ ಮುಟ್ಟಲಿಲ್ಲ. ತಪ್ಪಿದ ಕಡೆ ನಿಲ್ಲಿಸುವುದು, ಪುನಃ ಮೊದಲಿನಿಂದ ಹಿಡಿಯುವುದು. ಎಲ್ಲಕ್ಕಿಂತ ಕಷ್ಟವಾದದ್ದು ಆ ತಗ್ಗಿನ ಸ್ವರ. ಮೊದಲಾದರೆ ದಪ್ಪ ತಂತಿಯನ್ನು ಬೆರಳಿಲ್ಲದೆ ಬರಿದೇ ಬಿಟ್ಟರೆ ಅದು ತಾನಾಗಿ ನುಡಿಯುತ್ತಿತ್ತು. ಈಗ ಕುತ್ತಿಗೆಯ ತುತ್ತತುದಿಯಲ್ಲಿ ತೋರುಬೆರಳನ್ನು ಒತ್ತಿ ಹಿಡಿಯಬೇಕು. ಬೆರಳು ಸೀಳಿತು, ಪಟ್ಟಿ ಸುತ್ತಿಕೊಂಡಳು. ಆ ವರ್ಷ ಅವಳ ಮನೆಯಲ್ಲಿ ಎಣ್ಣೆ ಬಾಣಲೆ ಒಲೆ ಏರಲಿಲ್ಲ. ನೆರೆಯವರು ನೆವ್ರಿ, ಕಿಡಿಯೊ ಎಂಬ ಹಬ್ಬದ ಕರಿದ ತಿಂಡಿ ಕೊಟ್ಟು ಹೋದರು. ಅದನ್ನೇ ತಿಂದು ಮತ್ತೆ ಕಮಾನು ಹಿಡಿಯುತ್ತಿದ್ದಳು. ಇಷ್ಟು ಹಟದ ಹೆಂಗಸು ನನ್ನ ಪಾಲಿಗೆ ಬಂದದ್ದು ನನ್ನ ಪುಣ್ಯ.

ಮೂರನೆಯ ವಾರ ಕೈ ಹಾದಿಗೆ ಬಂತು. ನಾಲ್ಕನೆಯ ಭಾನುವಾರ ನಿಶಾಂತ ಕಣ್ಣು ಮುಚ್ಚಿ ಕೇಳಿದ, ಇನ್ನೊಮ್ಮೆ ನುಡಿಸಿ ಎಂದ. ಎರಡನೆಯ ಸಲವೂ ತಪ್ಪು ಸಿಗಲಿಲ್ಲ. "ಬನ್ನಿ ಟೀಚರ್" ಎಂದು ತಾನೇ ನನ್ನ ಕಾಲು ಹಿಡಿದು ಗಾಡಿಗೆ ಏರಿಸಿದ. ಮಲಗಿಸಿಯೇ ಒಯ್ದರು. ಮಾರ್ಥತ್ತೆ ನೋಡಿ ಮುಖ ತಿರುಗಿಸಿದಳು.

ಪುರಭವನದಲ್ಲಿ ಕಿಕ್ಕಿರಿದ ಜನ. ಕನ್ನಡ, ತುಳು, ಕೊಂಕಣಿ ಹಾಡುಗಳು ಒಂದಾದ ಮೇಲೊಂದು ಹರಿದವು. ಟ್ರಂಪೆಟ್ಟಿನ ಮೆರುಗು ಕಂಡು ನನಗೂ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಹುಡುಗ ಚೆನ್ನಾಗಿಯೇ ಕಟ್ಟಿದ್ದ. ಸಲೋಮಿಯ ಬೆರಳು ಒಂದು ಕಡೆಯೂ ಜಾರಲಿಲ್ಲ.

ಕೊನೆಗೆ ಕುರುಬರ ಗೀತೆ. ಹಳೆಯ ಪದ್ಧತಿಯನ್ನು ನಿಶಾಂತ ಬಿಟ್ಟಿರಲಿಲ್ಲ, ಮೊದಲ ಚರಣ ಬರೀ ಬಾಯಲ್ಲಿ. ಜನಕ್ಕೆ ಶ್ರುತಿ ತಿಳಿಯಲೆಂದು ಕೊಳಲಿನವನಿಂದ ಒಂದು ಸ್ವರ ಊದಿಸಿದ. ಅದನ್ನು ಕೇಳಿದವರು ಯಾರು? ಜನ ಏಳುತ್ತಿದ್ದರು, ಕುರ್ಚಿಗಳು ಕಿರುಗುಟ್ಟುತ್ತಿದ್ದವು. ಮುಂದಿನ ಸಾಲಿನಲ್ಲಿ ಮಾರ್ಥತ್ತೆ ಕೋಲೂರಿ ಎದ್ದು ನಿಂತಳು. ಆ ಗೀತೆಯನ್ನು ಎತ್ತುವವಳು ಯಾವಾಗಲೂ ಅವಳೇ. ಹುಟ್ಟಿದಂದಿನಿಂದ ಎಲ್ಲಿ ಎತ್ತಿದ್ದಳೋ ಅಲ್ಲಿಯೇ ಎತ್ತಿದಳು. ಅರ್ಧ ಸ್ವರ ಕೆಳಗೆ. ಅವಳ ಹಿಂದೆ ಇಡೀ ಸಭೆ ಅದೇ ಶ್ರುತಿಯಲ್ಲಿ ಗೋಡೆ ನಡುಗುವ ಹಾಗೆ ಹಾಡಿತು.

ನನ್ನ ಎದೆಯ ಹಲಗೆಗೆ ಮೊದಲ ಪದದಲ್ಲೇ ಗೊತ್ತಾಯಿತು. ಸಲೋಮಿಗೂ ಗೊತ್ತಾಯಿತು. ನಿಶಾಂತನ ಮುಖ ಬಿಳಿಚಿಕೊಂಡಿತು. ಎರಡನೆಯ ಚರಣಕ್ಕೆ ವಾದ್ಯಗಳು ಸೇರಿದರೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಸೇರದಿದ್ದರೆ ಅಷ್ಟು ಜನರೆದುರು ಮೇಳವೆಲ್ಲ ಬಾಯಿಲ್ಲದೆ ಕೂರಬೇಕಾಗುತ್ತದೆ. ಹಾಡು ನಿಲ್ಲಿಸೋಣವೆಂದರೆ ಮಾರ್ಥತ್ತೆಯನ್ನು ನಿಲ್ಲಿಸಿದವರು ಊರಿನಲ್ಲಿ ಹುಟ್ಟಿರಲಿಲ್ಲ. ಕೊಳಲಿನವನು ಕೈಯಾಡಿಸಿ ಆಗದು ಎಂದ. ಪಿಯಾನೊದವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಚರಣ ಮುಗಿಯುತ್ತ ಬಂದಿತ್ತು. ನಿಶಾಂತ ಮೇಳ ನಡೆಸುವ ಕೋಲನ್ನು ಕೆಳಗಿಳಿಸಿ ಹಿಂದಿನ ಸಾಲಿನತ್ತ ನೋಡಿದ.

"ಟೀಚರ್," ಎಂದ ಮೆಲ್ಲಗೆ, "ನೀವೇ."

ಸಲೋಮಿಯ ತೋರುಬೆರಳು ಮೂರು ವಾರ ರಕ್ತ ಸುರಿಸಿ ಕಲಿತ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ಅವಳು ಅದನ್ನು ಎತ್ತಿದಳು. ಬರಿದಾದ ದಪ್ಪ ತಂತಿಯ ಮೇಲೆ ಕಮಾನನ್ನು ಪೂರ್ತಿ ಎಳೆದಳು.

ನಾನು ನುಡಿದೆ. ಹಲಸಿನ ಬೆನ್ನು, ಆರ್ಗನ್ನಿನ ಪೆಟ್ಟಿಗೆಯ ಎದೆ, ಮುರಿದು ಕೂಡಿದ ಕುತ್ತಿಗೆ ಎಲ್ಲವೂ ಸೇರಿ ನುಡಿದೆ. ಸಭೆಯ ದನಿ ನನ್ನ ದನಿಯ ಮೇಲೆ ಬಂದು ಕೂತಿತು, ಒಂದೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಎರಡನೆಯ ಚರಣವನ್ನು ಸಲೋಮಿಯೂ ನಾನೂ ಇಬ್ಬರೇ ಹೊತ್ತು ನಡೆದೆವು. ಅಷ್ಟರಲ್ಲಿ ನಮ್ಮ ಹಳೆಯ ಪಿಟೀಲಿನವರು ಸದ್ದಿಲ್ಲದೆ ಬಿರಡೆ ಸಡಿಲಿಸಿಕೊಂಡು ಮೂರನೆಯ ಚರಣಕ್ಕೆ ಬಂದು ಕೂಡಿಕೊಂಡರು. ಕೊಳಲು, ಟ್ರಂಪೆಟ್ಟಿನವರು ವಾದ್ಯಗಳನ್ನು ತೊಡೆಯ ಮೇಲಿಟ್ಟು ಬಾಯಿಬಿಟ್ಟು ಹಾಡಿದರು. ನಿಶಾಂತನೂ ಜನರತ್ತ ತಿರುಗಿ ಹಾಡಿದ. ಅವನ ಗಂಟಲೂ ಅದೇ ಶ್ರುತಿಯದು, ಮರೆತಿದ್ದನಷ್ಟೇ. ಹಾಡು ಮುಗಿದಾಗ ಸಲೋಮಿಯ ಕಣ್ಣೀರು ನನ್ನ ಭುಜದ ಮೇಲೆ ಬಿತ್ತು, ನಾನು ಸಂತೋಷಪಟ್ಟೆ.

ಹೊರಗೆ ಮಾರ್ಥತ್ತೆ, ಈ ಸಲ ಶುರುವಿನ ಹಾಡುಗಳೆಲ್ಲ ಯಾಕೋ ಸ್ವಲ್ಪ ಮೇಲಾದವು, ಕೊನೆಯದು ಸರಿಯಾಯಿತು ಎಂದು ಎಲ್ಲರಿಗೂ ಹೇಳಿಕೊಂಡು ಹೋದಳು.

ಈಗ ಮಾರ್ಥತ್ತೆ ಇಲ್ಲ. ನನಗೂ ವಯಸ್ಸಾಯಿತು. ಅಂಟು ಸಡಿಲವಾಗಿ ಕುತ್ತಿಗೆ ಭಾರ ತಡೆಯದಾದಾಗ ಮೂರು ತಂತಿಗಳನ್ನು ಬಿಚ್ಚಿದರು. ದಪ್ಪ ತಂತಿಯೊಂದು ಉಳಿದಿದೆ. ಚರ್ಚಿನ ಪಕ್ಕದ ಕೋಣೆಯಲ್ಲಿ ಆರ್ಗನ್ನಿನ ಗೂಡಿಗೆ ಒರಗಿ ನಿಂತಿದ್ದೇನೆ. ಹೋಟೆಲಿನವರು ಮತ್ತೆ ಕೇಳಿದರಂತೆ, ನಿಶಾಂತ ಬಾಗಿಲಿನಿಂದಲೇ ಕಳಿಸಿದನಂತೆ. ಸಂಗೀತ ಸಂಜೆ ಪುನಃ ಚರ್ಚಿನ ಅಂಗಳಕ್ಕೆ ಬಂದಿದೆ. ಅಂದು ತಪ್ಪಿ ಆದದ್ದು ಈಗ ಪದ್ಧತಿಯಾಗಿದೆ. ಕುರುಬರ ಗೀತೆಗೆ ಮೊದಲು ಊದುವವರು ವಾದ್ಯ ಕೆಳಗಿಡುತ್ತಾರೆ. ಪಿಟೀಲಿನವರು ನನ್ನ ಕೋಣೆಗೆ ಬಂದು ಸುತ್ತ ನಿಲ್ಲುತ್ತಾರೆ. ಸಲೋಮಿ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ಗಾಯದ ಕಲೆ ಉಳಿದ ಆ ತೋರುಬೆರಳಿನಿಂದ ತಂತಿಯನ್ನು ಮೀಟುತ್ತಾಳೆ. ಎಲ್ಲರೂ ಬಿರಡೆ ಇಳಿಸಿ ನನ್ನ ಶ್ರುತಿಗೆ ಬರುತ್ತಾರೆ.

ಒಂದೇ ಸ್ವರ ನುಡಿಯುವವನು ಬೇಸ್ ಎನಿಸಿಕೊಳ್ಳಬಹುದೇ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಆಮೇಲೆ ಆ ಸ್ವರಕ್ಕಾಗಿ ಅಂಗಳದಲ್ಲಿ ಸುಮ್ಮನೆ ನಿಂತು ಕಾಯುವ ಜನ ನೆನಪಾಗುತ್ತಾರೆ. ಹೊರಗೆ ನಾಲ್ಕನೆಯ ಮೇಣಬತ್ತಿ ಹಚ್ಚಿದ್ದಾರೆ. ಸಲೋಮಿಯ ಕುರ್ಚಿ ನೆಲಕ್ಕೆ ಉಜ್ಜುವ ಸದ್ದು ಕೇಳಿಸುತ್ತಿದೆ. ನಾನು ತಂತಿ ಬಿಗಿಹಿಡಿದು ನಿಂತಿದ್ದೇನೆ.