ದೇವರ ಗೂಡಿನಲ್ಲಿದ್ದ ಮಾತ್ರೆ

ನಾನು ಒಂದು ಮಾತ್ರೆ ಪಟ್ಟಿ, ಅಂದರೆ ಸ್ಟ್ರಿಪ್. ಬಸಿರಾಗದಂತೆ ಕಾಯುವ ಮಾತ್ರೆಗಳ ಪಟ್ಟಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಂಗಡಿಯವರು ಕಾಗದ ಸುತ್ತಿ ಕೊಡುತ್ತಾರಲ್ಲ, ಆ ನಾಚಿಕೆ ಅವರದು. ಹುಟ್ಟಿದ್ದು ದೊಡ್ಡ ಕಾರ್ಖಾನೆಯಲ್ಲಿ. ಮೂರು ಸಾಲು ಬಿಳಿ ಮಾತ್ರೆ, ಕೊನೆಗೊಂದು ಸಾಲು ಕಂದು ಮಾತ್ರೆ. ಬಿಳಿಯವು ಬಸಿರು ತಡೆಯುತ್ತವೆ, ಕಂದು ಬಣ್ಣದವು ರಕ್ತಕ್ಕೆ ಕಬ್ಬಿಣ ಕೊಡುತ್ತವೆ. ಜ್ವರದ ಮಾತ್ರೆ ಕಾಯಿಲೆ ಬಂದ ಮೇಲೆ ಓಡುತ್ತದೆ. ನಾನು ಮೊದಲೇ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ.

ಚನ್ನಪಟ್ಟಣದಲ್ಲಿ ಬೊಂಬೆಗೆ ಬಣ್ಣ ಹಚ್ಚುವ ಚಂದ್ರಕಲಾ ನನ್ನ ಒಡತಿ. ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ, ಹೇಗೋ ಬದುಕಿ ಬಂದವಳು. ಚಿಕ್ಕ ಮಗುವಿಗೆ ಈಗ ವರ್ಷ. “ಸದ್ಯಕ್ಕೆ ಇನ್ನೊಂದು ಬಸಿರು ನಿನ್ನ ಮೈ ತಡೆಯಲ್ಲ” ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು. ಅವರೇ ಬಿಪಿ ನೋಡಿ, ತಲೆನೋವು, ಕಾಮಾಲೆ ಎಲ್ಲ ವಿಚಾರಿಸಿ ನನ್ನನ್ನು ಬರೆದುಕೊಟ್ಟರು. ಆಶಾ ಕಾರ್ಯಕರ್ತೆ ಜಯಲಕ್ಷ್ಮಮ್ಮ ನನ್ನನ್ನು ಅವಳ ಕೈಗಿಟ್ಟು ಬುದ್ಧಿ ಹೇಳಿದರು.

“ಮೊದಮೊದ್ಲು ಹೊಟ್ಟೆ ತೊಳಸ್ತದೆ, ಮೊಲೆ ಬಿಗೀತದೆ, ನಡುನಡುವೆ ಬಟ್ಟೆಗೆ ಕಲೆ ಆಗ್ಬೋದು. ಎಲ್ಡು ಮೂರು ತಿಂಗ್ಳಲ್ಲಿ ಸರಿಹೋಯ್ತದೆ, ಹೆದ್ರಿ ಬಿಟ್ಬುಡ್ಬೇಡ ಕಣವ್ವ. ಕಾಲು ಊದ್ಕಂಡ್ರೆ, ಎದೆ ನೋವು ಬಂದ್ರೆ, ತಡೀನಾರದ ತಲೆನೋವು ಬಂದ್ರೆ ಆಸ್ಪತ್ರೆಗೆ ಓಡ್ಬಾ. ಒಂದಿನ ಮರ್ತ್ರೆ ನೆನಪಾದ ತಕ್ಷಣ ನುಂಗು, ಆ ದಿನದ್ದೂ ಬಿಡ್ಬೇಡ.”

ಮರೆಯಬಾರದೆಂದೇ ಚಂದ್ರಕಲಾ ನನ್ನನ್ನು ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲ ಹಿಂದೆ ಇಟ್ಟಳು. ಸಂಜೆ ದೀಪ ಹಚ್ಚಿದ ಕೂಡಲೇ ಒಂದು ಮಾತ್ರೆ. ಗಂಡ ಶಿವನಂಜನಿಗೆ ಗೊತ್ತಿತ್ತು, ಅತ್ತೆ ಪುಟ್ಟತಾಯಮ್ಮನಿಗೆ ಹೇಳಿರಲಿಲ್ಲ. ನನಗಂತೂ ಜಂಬ ತಲೆಗೇರಿತು. ಯಾವ ಮಾತ್ರೆಗೆ ದೇವರ ಪಕ್ಕ ಜಾಗ ಸಿಕ್ಕಿದೆ, ಹೇಳಿ?

ಮೊದಲ ವಾರ ಅವಳಿಗೆ ಬೊಂಬೆಗೆ ಹಚ್ಚುವ ಅರಗಿನ ವಾಸನೆಗೂ ಓಕರಿಕೆ. ನನ್ನಿಂದಲೇ ಎಂದು ಕೊಂಚ ಮುಜುಗರವಾಯಿತು. ಊಟವಾದ ಮೇಲೆ ನುಂಗತೊಡಗಿದಳು, ಕಡಿಮೆಯಾಯಿತು.

ಎರಡನೆಯ ವಾರ ಕಲೆ ಕಾಣಿಸಿತು. ಜಯಲಕ್ಷ್ಮಮ್ಮ ಹೇಳಿದಂತೆಯೇ ಆಗಿತ್ತು. ಆದರೆ ಆ ಮನೆಯಲ್ಲಿ ಕಲೆ ಕಂಡರೆ ಹೆಂಗಸು ‘ಹೊರಗಾದಳು’ ಎಂದೇ ಅರ್ಥ. ಹೊರಗಾದವಳು ದೇವರ ಗೂಡು ಮುಟ್ಟುವಂತಿಲ್ಲ. ಹಿಂದುಮುಂದು ಯೋಚಿಸದೆ ಚಂದ್ರಕಲಾ ಜಗುಲಿಯಲ್ಲಿ ಚಾಪೆ ಹಾಕಿಕೊಂಡಳು. ಆಮೇಲೆ ನೆನಪಾಯಿತು: ನಾನು ಒಳಗೆ, ಅವಳು ಹೊರಗೆ! ತೆಗೆದುಕೊಡಲು ಗಂಡನೂ ಊರಲ್ಲಿರಲಿಲ್ಲ. ಅಂದಿನ ಮಾತ್ರೆ ನನ್ನಲ್ಲೇ ಉಳಿಯಿತು. ಇನ್ನೂ ನಾಲ್ಕು ದಿನ ಹೀಗೇ ಆದರೆ ನಾನಿದ್ದೂ ಇಲ್ಲದಂತೆ. ದೇವರ ಪಕ್ಕದ ಆ ಜಾಗ ನನಗೆ ಮುಳ್ಳಾಯಿತು.

ಮರುದಿನ ಸಂಜೆ ದೀಪ ಹಚ್ಚಲು ಬಂದ ಪುಟ್ಟತಾಯಮ್ಮ ಕುಂಕುಮದ ಬಟ್ಟಲು ಸರಿಸಿದಾಗ ಕಣ್ಣಿಗೆ ಬಿದ್ದ ನನ್ನನ್ನು ಎತ್ತಿಕೊಂಡರು.

“ಇದೇನೇ ಕಲಾ, ದೇವ್ರ ತಾವ ಮಾತ್ರೆ?”

ಚಂದ್ರಕಲಾ ಹೊಸ್ತಿಲಾಚೆ ನಿಂತಳು. ಏನೋ ಸುಳ್ಳು ಅವಳ ನಾಲಿಗೆಯವರೆಗೆ ಬಂತು. ನುಂಗಿಕೊಂಡಳು.

“ಅತ್ತೆ, ಅದು ಬಸ್ರಿ ಆಗ್ದಂಗೆ ತಗಳೋ ಮಾತ್ರೆ. ಈಗ ಆಗಿರೋದು ಮುಟ್ಟಲ್ಲ, ಆ ಮಾತ್ರೆ ಹೊಸದಕ್ಕೆ ಆಗೋ ಕಲೆ. ನಿನ್ನೆ ನುಂಗಿಲ್ಲ. ಕೊಟ್ಬುಡಿ ಅತ್ತೆ, ನಂಗೆ ಭಯ ಆಯ್ತದೆ. ಈ ಎರಡು ಮಕ್ಳಿಗೆ ನಾನು ಉಳೀಬೇಕು.”

ಪುಟ್ಟತಾಯಮ್ಮ ಏಳು ಹೆತ್ತವರು. ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದರು.

“ನನ್ನ ಯಾರೂ ಕೇಳ್ಲೇ ಇಲ್ಲ ಕಣೆ, ಬೇಕಾ ಬ್ಯಾಡ್ವಾ ಅಂತ” ಎಂದರು. ಆಮೇಲೆ ಗದರಿದರು: “ನಿಂತ್ಕಂಡು ನೋಡ್ತೀಯಲ್ಲ, ಊಟ ಮಾಡು ಮೊದ್ಲು. ನೀರು ತತ್ತೀನಿ.”

ನಿನ್ನೆಯದೂ ಅಂದಿನದೂ ಎರಡೂ ಅವಳ ಗಂಟಲಿಳಿದವು. ಮರುದಿನದಿಂದ ನನ್ನ ವಾಸ ಅತ್ತೆಯ ಎಲೆಯಡಿಕೆ ಚೀಲದಲ್ಲಿ. ಊಟ ಮುಗಿದು ಎಲೆಗೆ ಸುಣ್ಣ ಹಚ್ಚುವ ಮೊದಲು ನನ್ನನ್ನು ಸೊಸೆಯ ಕೈಗೆ ಕೊಡುತ್ತಿದ್ದರು. ಕಂದು ಸಾಲಿಗೆ ಬಂದಾಗ ನಿಜವಾದ ಮುಟ್ಟೇ ಬಂತು, ಮೊದಲಿಗಿಂತ ಹಗುರವಾಗಿ. ಆಗ ಪುಟ್ಟತಾಯಮ್ಮನೇ ಚಾಪೆಯವರೆಗೆ ಬಂದು ಕೊಟ್ಟುಹೋದರು.

ಈಗ ನಾನು ಬರಿದಾಗಿ ಕಸದ ಬುಟ್ಟಿಯಲ್ಲಿದ್ದೇನೆ. ದುಃಖವಿಲ್ಲ. ಒಬ್ಬ ತಾಯಿಯ ಒಂದು ತಿಂಗಳನ್ನು ಕಾದಿದ್ದೇನೆ. ನಾಳೆಯಿಂದ ಹೊಸ ಪಟ್ಟಿಯ ಸರದಿ. ಅದನ್ನು ತಂದ ಜಯಲಕ್ಷ್ಮಮ್ಮ ಬಾಗಿಲಲ್ಲಿದ್ದಾರೆ. ಪುಟ್ಟತಾಯಮ್ಮ ಅವರ ಕೈ ಹಿಡಿದು ಹೇಳುತ್ತಿರುವುದು ಇಲ್ಲಿಗೂ ಕೇಳುತ್ತಿದೆ:

“ನನ್ ಮಗಳ ಮನೇಗೂ ಒಂದ್ಸಲ ಹೋಗ್ಬಾ ಕಣವ್ವ. ಅವಳ್ನೂ ಕೇಳು, ಬೇಕಾ ಬ್ಯಾಡ್ವಾ ಅಂತ.”