ಜಾಣಮರಿ ತಿಂದ ಮೇಸ್ತ್ರಿ

ಯಂತ್ರಕ್ಕೆಂದು ಇಟ್ಟದ್ದನ್ನು ತಿಂದದ್ದು ತನ್ನ ತಪ್ಪಲ್ಲ, ಗಾಳಿಯ ತಪ್ಪು ಎಂದು ದೂರವಾಣಿ ಕೇಂದ್ರದ ತು ಮೇಸ್ತ್ರಿ ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳುವಾಗಲೂ ಬಾಯಿ ತುಂಬ ಅದೇ ಇತ್ತು.

ಗಾಳಿಯ ಪಾಲೂ ಇಲ್ಲದಿರಲಿಲ್ಲ. ತೈವಾನಿನ ಪೆಂಗ್‌ಹು ದ್ವೀಪಗಳಲ್ಲಿ ಚಳಿಗಾಲದ ಈಶಾನ್ಯ ಗಾಳಿ ಎದ್ದರೆ ಮನುಷ್ಯರೇ ಓರೆಯಾಗಿ ನಡೆಯುತ್ತಾರೆ, ಇನ್ನು ದೋಣಿಯ ಪಾಡೇನು? ಕೊನೆಯ ಈ ಪುಟ್ಟ ದ್ವೀಪಕ್ಕಂತೂ ಹಲವು ದಿನಗಳಿಂದ ದೋಣಿಯೇ ಬಂದಿರಲಿಲ್ಲ. ಕುಂಬಳಕಾಯಿ ಶ್ಯಾವಿಗೆ ಮಾಡುತ್ತಿದ್ದ ಏಕೈಕ ಹೋಟೆಲಿನವನು ಮದುವೆಗೆಂದು ದೊಡ್ಡ ದ್ವೀಪಕ್ಕೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ಮೇಸ್ತ್ರಿಯ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಅನ್ನಕ್ಕೆ ಎಷ್ಟು ನೀರಿಡಬೇಕೆಂದು ತಿಳಿಯದ ಮೇಸ್ತ್ರಿ ಕಡಲೆಕಾಯಿ ತಿಂದುಕೊಂಡೇ ದಿನ ತಳ್ಳಿದ್ದ. ಆ ಮಧ್ಯಾಹ್ನ ಅದೂ ಮುಗಿದು ಹೊಟ್ಟೆ ತಾಳ ಹಾಕುತ್ತಿತ್ತು. ಎದುರಿಗೇ, ಯಂತ್ರದ ಕಪಾಟಿನೊಳಗೆ, ಉಬ್ಬಿದ ಹಸಿರು ಪೊಟ್ಟಣ ಕೂತಿತ್ತು.

ತೈವಾನಿನಲ್ಲಿ ಯಂತ್ರವಿರುವ ಕಡೆಯೆಲ್ಲ ಆ ಪೊಟ್ಟಣ ಇರುತ್ತದೆ. ಮಕ್ಕಳು ತಿನ್ನುವ ಜೋಳದ ಕುರುಕಲು, ಒಳಗೆ ತೆಂಗಿನಕಾಯಿಯ ಘಮ. ಪೊಟ್ಟಣದ ಮೇಲಿನ ಹೆಸರಿಗೆ ಅರ್ಥ ‘ಜಾಣಮರಿ’. ಇಟ್ಟರೆ ಯಂತ್ರವೂ ಜಾಣಮರಿಯ ಹಾಗೆ ತಂಟೆ ಮಾಡದೆ ಇರುತ್ತದೆಂದು ನಂಬಿಕೆ. ಹಸಿರೇ ಆಗಬೇಕು, ಯಾಕೆಂದರೆ ಯಂತ್ರದ ಆರೋಗ್ಯದ ದೀಪ ಹಸಿರು. ಹಳದಿ ಇಟ್ಟರೆ ಯಂತ್ರ ಎಚ್ಚರಿಕೆ ಕೊಡಲು ಶುರುಮಾಡುತ್ತದೆ, ಕೆಂಪು ಇಟ್ಟವರ ಕಥೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಾಯಿದೆ ಮುಗಿದ ಪೊಟ್ಟಣ ಇಡಬಾರದು. ಇಟ್ಟಿದ್ದನ್ನು ಪ್ರಾಣ ಹೋದರೂ ತಿನ್ನಬಾರದು.

ಇದನ್ನೆಲ್ಲ ಚಾಚೂ ತಪ್ಪದೆ ಪಾಲಿಸುತ್ತಿದ್ದವಳು ಕೇಂದ್ರದ ಇನ್ನೊಬ್ಬ ಉದ್ಯೋಗಿ ಪಾವ್‌ಚಿನ್. ದ್ವೀಪದ ಫೋನು, ಟೀವಿ, ಇಂಟರ್ನೆಟ್ಟು ಎಲ್ಲವೂ ಸಮುದ್ರದಡಿಯಿಂದ ಬರುವ ಒಂದು ಗಾಜಿನ ನೂಲಿನಲ್ಲಿ ಬೆಳಕಾಗಿ ಓಡಿಬಂದು ಈ ಕಪಾಟು ಸೇರುತ್ತಿತ್ತು. ನೂಲು ಜೋಡಿಸುವುದು, ಬೆಳಕು ಅಳೆಯುವುದು ಮೇಸ್ತ್ರಿಯ ಕೆಲಸ. ಕಪಾಟಿನ ಧೂಳು, ಜಾಣಮರಿ, ಇವು ಪಾವ್‌ಚಿನ್‌ಳ ಸುಪರ್ದಿ. ವರ್ಷಗಳಿಂದ ಅವರಿಬ್ಬರ ನಡುವೆ ಈ ಒಂದೇ ಜಗಳ.

“ಗಾಜಿನ ನೂಲೊಳಗೆ ಬೆಳಕು ಓಡುತ್ತೆ, ಅಷ್ಟೇ. ಬೆಳಕಿಗೆ ಯಾಕಕ್ಕ ಕುರುಕಲು ತಿಂಡಿ?” ಎಂದು ಮೇಸ್ತ್ರಿ ಛೇಡಿಸುತ್ತಿದ್ದ.

“ಬೆಳಕಿಗಲ್ಲ ಮೇಸ್ತ್ರಿ. ನೀವು ಸ್ಕ್ರೂಡ್ರೈವರ್ ಹಿಡ್ಕೊಂಡು ಬಂದಾಗ ಯಂತ್ರ ಹೆದರುತ್ತಲ್ಲ, ಅದಕ್ಕೆ.”

“ನಿಮ್ ತಲೇಲಿ ಇರೋದೂ ಜೋಳದ ಪುರಿನೇ.”

ಊರವರೆದುರೂ ಅವನು ಹೀಗೇ ಆಡಿಕೊಳ್ಳುತ್ತಿದ್ದ. ಅವರು ನಗುತ್ತಿದ್ದರು, ಅವಳು ನಗುತ್ತಿರಲಿಲ್ಲ. ಅವನಿಗೆ ಅದು ಕಾಣಿಸುತ್ತಿರಲಿಲ್ಲ, ಅಥವಾ ಕಂಡರೂ ತಮಾಷೆ ರುಚಿಯಾಗಿದ್ದರಿಂದ ಬಿಡಲಾಗುತ್ತಿರಲಿಲ್ಲ.

ಅಂತೂ ತಿಂದ. ಕೊನೆಯ ಚೂರನ್ನೂ ಬೆರಳಿನಿಂದ ಒರೆಸಿ ತಿಂದ. ಹೊಟ್ಟೆ ತಣ್ಣಗಾದ ಮೇಲೆ ಪಾವ್‌ಚಿನ್‌ಳ ನಾಲಿಗೆ ನೆನಪಾಯಿತು. ಓಡುತ್ತ ಅಂಗಡಿಗೆ ಹೋದ.

“ಹಸಿರು ಖಾಲಿ. ಪರೀಕ್ಷೆ ಅಂತ ಮಕ್ಕಳೆಲ್ಲ ಮೇಜಿನ ಮೇಲೆ ಇಟ್ಕೊಳ್ಳೋಕೆ ತಗೊಂಡು ಹೋದ್ರು,” ಎಂದಳು ಅಂಗಡಿ ಅಜ್ಜಿ. “ಹಳದಿ ಕೊಡ್ಲಾ? ಯಾಕಪ್ಪಾ, ಯಂತ್ರಕ್ಕೆ ಇಟ್ಟಿದ್ದು ಏನಾಯ್ತು?”

“ಏನೂ ಆಗಿಲ್ಲ ಅಜ್ಜಿ. ಇದು ನಂಗೇ ತಿನ್ನೋಕೆ.”

ಅಜ್ಜಿ ಕನ್ನಡಕ ಏರಿಸಿ ನೋಡಿದಳು. “ಮೀಸೆ ಒರೆಸ್ಕೋ,” ಎಂದಳು.

ಮೇಸ್ತ್ರಿ ಮೀಸೆ ಒರೆಸಿಕೊಂಡು ಬಂದವನು ಒಂದು ಉಪಾಯ ಹೂಡಿದ. ಖಾಲಿ ಪೊಟ್ಟಣಕ್ಕೆ ಕೆನ್ನೆ ಉಬ್ಬಿಸಿ ಗಾಳಿ ಊದಿ, ವಯರಿಗೆ ಸುತ್ತುವ ಟೇಪಿನಿಂದ ಬಾಯಿ ಮುಚ್ಚಿ, ಟೇಪು ಕಾಣದಂತೆ ತಿರುಗಿಸಿ, ಇದ್ದಲ್ಲೇ ಕೂರಿಸಿದ. ನೋಡಿದರೆ ಸಾಕ್ಷಾತ್ ಜಾಣಮರಿ. ಹೀಗೆ ಮಾಡಿದ್ದು ಯಂತ್ರಕ್ಕೆ ಹೆದರಿ ಅಲ್ಲ, ಹೆಂಗಸಿಗೆ ಹೆದರಿ. ಆದ್ದರಿಂದ ತನ್ನ ವೈಚಾರಿಕತೆಗೆ ಏನೂ ಧಕ್ಕೆಯಿಲ್ಲವೆಂದು ಸಮಾಧಾನ ಮಾಡಿಕೊಂಡು ಬಾಗಿಲು ಹಾಕಿದ.

ಮರುದಿನ ಬೆಳಿಗ್ಗೆ ಪಾವ್‌ಚಿನ್ ಎಂದಿನಂತೆ ಕಪಾಟು ತೆರೆದು ಧೂಳು ಒರೆಸಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆಲ್ಲ ನೂಲಿನ ಬೆಳಕು ಇಳಿಯತೊಡಗಿತು. ಮೊದಲು ಟೀವಿಯಲ್ಲಿ ಸೊಸೆಯನ್ನು ಬೈಯುತ್ತಿದ್ದ ಅತ್ತೆ ಬಾಯಿ ತೆರೆದಂತೆಯೇ ನಿಂತಳು. ಆಮೇಲೆ ಫೋನು ಹೋಯಿತು. ಮೀನಿನ ಹರಾಜು ಈಗೆಲ್ಲ ಇಂಟರ್ನೆಟ್ಟಿನಲ್ಲೇ ನಡೆಯುವುದು. ಗಾಳಿ ಇಳಿಯಿತೆಂದು ಕಡಲಿಗೆ ಹೋಗಿ ಬಂದ ಮೀನುಗಾರರು ಬುಟ್ಟಿ ತುಂಬ ಬೊಂಡಾಸು ಮೀನು ಇಟ್ಟುಕೊಂಡು ಕೊಳ್ಳುವವರಿಲ್ಲದೆ ಕೇಂದ್ರದ ಕಿಟಕಿಗೆ ಮುತ್ತಿಗೆ ಹಾಕಿದರು.

“ಮೇಸ್ತ್ರೀ, ಬೊಂಡಾಸು ನಾರೋಕೆ ಮುಂಚೆ ಏನಾದ್ರೂ ಮಾಡ್ರೀ!”

ಮುಖ್ಯ ಕಚೇರಿಯ ತುರ್ತು ರೇಡಿಯೋ ಕರೆಯಿತು. ಕಪಾಟನ್ನು ಕೊನೆಯದಾಗಿ ಮುಟ್ಟಿದವರು ಯಾರೆಂದು ಕೇಳಿತು. “ನಾನೇ, ಒರೆಸಿದೆ,” ಎಂದಳು ಪಾವ್‌ಚಿನ್. ಇವತ್ತಿನ ದೋಣಿಗೇ ಇನ್‌ಸ್ಪೆಕ್ಟರ್ ಬರುತ್ತಾರೆ ಎಂದು ಹೇಳಿ ರೇಡಿಯೋ ಸುಮ್ಮನಾಯಿತು.

ಇಬ್ಬರಿಗೂ ಅದರ ಅರ್ಥ ಗೊತ್ತಿತ್ತು. ಇಷ್ಟು ಸಣ್ಣ ಕೇಂದ್ರಕ್ಕೆ ಎರಡು ಹುದ್ದೆ ಹೆಚ್ಚಾಯಿತು, ಒಂದೇ ಸಾಕು, ಯಾರ ಕೈಯಿಂದ ಎಡವಟ್ಟಾಗುತ್ತದೋ ಅವರನ್ನು ಕಾವ್‌ಷ್ಯುಂಗ್ ಪಟ್ಟಣಕ್ಕೆ ಹಾಕುತ್ತೇವೆಂದು ಕಚೇರಿ ಮೊದಲೇ ಹೇಳಿತ್ತು. ಪಾವ್‌ಚಿನ್‌ಳ ಗಂಡ ಮೀನುಗಾರ. ಅವನ ದೋಣಿ ಬಂದಾಗಲೆಲ್ಲ ಅವಳು ದೋಣಿ ಕಟ್ಟುವ ಧಕ್ಕೆಯಲ್ಲಿ ನಿಂತಿರುತ್ತಿದ್ದಳು, ಕೈ ಬೀಸುತ್ತಲೂ ಇರಲಿಲ್ಲ, ಸುಮ್ಮನೆ ನಿಂತಿರುತ್ತಿದ್ದಳು. ಅವಳು ಪಟ್ಟಣಕ್ಕೆ ಹೋದರೆ ಧಕ್ಕೆಯಲ್ಲಿ ನಿಲ್ಲುವವರಿಲ್ಲ.

ಮೇಸ್ತ್ರಿ ತುಟಿ ಬಿಚ್ಚಲಿಲ್ಲ. ತಿಂಡಿಗೂ ಬೆಳಕಿಗೂ ಸಂಬಂಧವಿಲ್ಲವೆಂದು ಸಾರಿದವನೇ ತಾನಲ್ಲವೇ? ಸಂಬಂಧವೇ ಇಲ್ಲದ ಮೇಲೆ ಹೇಳುವುದೇನು? ಹೀಗೆ ತರ್ಕ ಮಾಡುತ್ತ ಕಪಾಟು ತೆರೆದು ಮಾಪಕ ಹಿಡಿದ. ಬೆಳಕು ಭರ್ಜರಿಯಾಗಿತ್ತು. ಕಿಟಕಿಯ ಹೊರಗೆ ಜಯಕಾರ. ಬಾಗಿಲು ಮುಚ್ಚಿದ. ಬೆಳಕು ಹೋಯಿತು. ಕಿಟಕಿಯ ಹೊರಗೆ ಬೈಗುಳ. ತೆರೆದ, ಬಂತು. ಮುಚ್ಚಿದ, ಹೋಯಿತು.

“ಬಾಗಿಲು ತೆಗೆದೇ ಇಟ್ರೆ ನಿಮ್ಮ ಗಂಟೇನು ಹೋಗುತ್ತೆ ರೀ?” ಎಂದ ಹೊರಗಿನವನೊಬ್ಬ.

“ಉಪ್ಪುಗಾಳಿಗೆ ಎರಡು ದಿನದಲ್ಲಿ ಯಂತ್ರ ತುಕ್ಕು ಹಿಡಿಯುತ್ತೆ, ಆಮೇಲೆ ಪಾರಿವಾಳದ ಕಾಲಿಗೆ ಚೀಟಿ ಕಟ್ಟಿ ಹರಾಜು ಹಾಕು,” ಎಂದು ಮೇಸ್ತ್ರಿ ರೇಗಿದ.

ಪಾವ್‌ಚಿನ್ ಹಿಂದಿನಿಂದ ಇಣುಕಿ ನೋಡಿದಳು. “ಯಂತ್ರ ಮುನಿಸ್ಕೊಂಡಿದೆ ಮೇಸ್ತ್ರಿ. ಜಾಣಮರಿ ಮುಖ ನೋಡಿ, ಹೇಗೆ ಬತ್ತಿಹೋಗಿದೆ. ನಿನ್ನೆ ತುಂಬ್ಕೊಂಡಿತ್ತು.”

ನಿಜವಾಗಿಯೂ ಪೊಟ್ಟಣ ಬತ್ತಿತ್ತು. ಟೇಪಿನ ಸಂದಿಯಿಂದ ಗಾಳಿ ಸೋರಿ ಅದು ಅರ್ಧಕ್ಕೆ ಇಳಿದಿತ್ತು. ಮೇಸ್ತ್ರಿ ಮಂಡಿಯೂರಿ, ಟಾರ್ಚು ಹಿಡಿದು, ಬಾಗಿಲನ್ನು ನಿಧಾನ ಮುಚ್ಚುತ್ತ ಸಂದಿಯಲ್ಲಿ ಕಣ್ಣಿಟ್ಟ. ಆಗ ಕಾಣಿಸಿತು. ಎಂದೋ ಅವನೇ ಜೋಡಿಸಿದ ಹಳದಿ ನೂಲು ಉದ್ದವಾಗಿ ಉಳಿದಿತ್ತು. ನಾಳೆ ಕಟ್ಟಿದರಾಯಿತೆಂದು ಬಿಟ್ಟವನು ಕಟ್ಟಿರಲಿಲ್ಲ. ಅಷ್ಟು ವರ್ಷವೂ ಉಬ್ಬಿದ ಜಾಣಮರಿ ಆ ನೂಲನ್ನು ಬೆನ್ನಿನಿಂದ ಹಿಂದಕ್ಕೆ ತಳ್ಳಿಕೊಂಡು ಕಾಯುತ್ತ ಕೂತಿತ್ತು. ಈಗ ಅದು ಸೊರಗಿದ್ದೇ ತಡ, ನೂಲು ಮುಂದಕ್ಕೆ ಜಾರಿ ಬಾಗಿಲಿನ ಅಂಚಿಗೆ ಸಿಕ್ಕಿ ಮಡಚಿಕೊಳ್ಳುತ್ತಿತ್ತು. ಗಾಜಿನ ನೂಲು ಮಡಚಿದರೆ ಬೆಳಕು ಆ ತಿರುವಿನಲ್ಲೇ ಸೋರಿಹೋಗುತ್ತದೆ, ಮುಂದೆ ದಾಟುವುದಿಲ್ಲ.

ಮೇಸ್ತ್ರಿ ಅಲ್ಲೇ ಕುಕ್ಕರಿಸಿದ. ಯಂತ್ರ ಮುನಿಸಿಕೊಂಡು ನಿಂತಿದ್ದರೆ ಮೂಢನಂಬಿಕೆ ಎಂದು ಮೂಗು ಮುರಿದು ಎದ್ದು ಹೋಗಬಹುದಿತ್ತು. ಇದು ಅಪ್ಪಟ ವಿಜ್ಞಾನ. ಜಾಣಮರಿ ತಿಂದದ್ದರಿಂದಲೇ ದ್ವೀಪದ ಬೆಳಕು ಹೋಗಿದೆಯೆಂದು ಅವನ ಕೈಯ ಮಾಪಕವೇ ಸಾರುತ್ತಿತ್ತು.

ನೂಲನ್ನು ಸುತ್ತಿ, ಹಿಂದಕ್ಕೆ ಕಟ್ಟಿ, ಬಾಗಿಲು ಮುಚ್ಚಿದ. ಈ ಸಲ ಬೆಳಕು ಹೋಗದೆ ಉಳಿಯಿತು. ಟೀವಿಯ ಅತ್ತೆ ಬೈಗುಳ ಮುಂದುವರಿಸಿದಳು. ಮೀನುಗಾರರು ಬುಟ್ಟಿ ಹೊತ್ತು ಓಡಿದರು. ಅಷ್ಟರಲ್ಲಿ ದೋಣಿ ಬಂತು.

ಇನ್‌ಸ್ಪೆಕ್ಟರ್ ಯೆನ್ ಎಳೆಯ ವಯಸ್ಸಿನವನು, ಹೊರದೇಶದಲ್ಲಿ ಓದಿ ಬಂದವನು. ಅಲೆಗೆ ಸಿಕ್ಕಿ ಮುಖ ಹಸಿರಾಗಿತ್ತು. ಕೊಟ್ಟ ಬಿಸಿನೀರು ಕುಡಿದು, ಕಪಾಟು ನೋಡಿ, “ನೂಲು ಬಾಗಿಲಿಗೆ ಸಿಕ್ಕಿತ್ತು, ಸರಿ. ಇಷ್ಟು ದಿನ ಸಿಗದೇ ಇದ್ದದ್ದು ಇವತ್ತು ಯಾಕೆ ಸಿಕ್ತು?” ಎಂದ.

“ನಾನೇ ಒರೆಸಿದ್ದು ಸಾರ್. ನನ್ನ ಕೈ ತಾಗಿ ಜಾರಿರಬೇಕು,” ಎಂದಳು ಪಾವ್‌ಚಿನ್. ಅವಳ ದನಿ ಎಂದಿನಂತೆಯೇ ಇತ್ತು. ಕಣ್ಣು ಮಾತ್ರ ಕಿಟಕಿಯಾಚೆ, ಧಕ್ಕೆಯ ಕಡೆ ಹೋಯಿತು.

ಇನ್‌ಸ್ಪೆಕ್ಟರ್ ನಿಟ್ಟುಸಿರು ಬಿಟ್ಟ. “ಹಾಗಾದ್ರೆ ನಿಮ್ಮನ್ನೇ ಪಟ್ಟಣಕ್ಕೆ ಕಳಿಸ್ಬೇಕಾಗುತ್ತೆ ಅಕ್ಕ. ನನ್ನ ಕೈಯಲ್ಲಿ ಇಲ್ಲ.”

ಮೇಸ್ತ್ರಿ ಕೈಯ ಮಾಪಕವನ್ನು ಕೆಳಗಿಟ್ಟ.

“ಅವರ ಕೈ ಅಲ್ಲ ಸಾರ್, ನನ್ನ ಬಾಯಿ,” ಎಂದ. “ನೂಲನ್ನ ಹಿಡ್ಕೊಂಡಿದ್ದು ಜಾಣಮರಿ. ಅದನ್ನ ತಿಂದಿದ್ದು ನಾನು. ಖಾಲಿ ಪೊಟ್ಟಣಕ್ಕೆ ಗಾಳಿ ಊದಿ ಇಟ್ಟಿದ್ದೂ ನಾನೇ. ಕಳಿಸೋದಾದ್ರೆ ನನ್ನ ಕಳಿಸಿ.”

ಯಂತ್ರದ ಫ್ಯಾನು ಗುಂಯ್‌ಗುಡುತ್ತಿತ್ತು. ಇನ್‌ಸ್ಪೆಕ್ಟರ್ ನಿಧಾನವಾಗಿ ಕಪಾಟಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

“ತಿಂದ್ರಾ?”

“ಹೂಂ.”

“ಹಸಿರನ್ನೇ?”

“ಹಸಿರನ್ನೇ.”

“ಪೂರ್ತಿ?”

“ಚೂರೂ ಬಿಡಲಿಲ್ಲ ಸಾರ್.”

“ಅಯ್ಯೋ ದೇವರೇ! ನಮ್ಮ ಕಚೇರೀಲಿ ಇಲಿ ಕೂಡ ಅದನ್ನ ಮುಟ್ಟಲ್ಲ ಕಣ್ರೀ!” ಇನ್‌ಸ್ಪೆಕ್ಟರನ ಮುಖದ ಹಸಿರು ಇಳಿದು ಬಿಳುಪಾಯಿತು. “ನೂಲು ಕಟ್ಟದೇ ಇದ್ದದ್ದು ಕ್ಷಮಿಸಬಹುದು. ಗಾಳಿ ಊದಿದ್ದೂ ಹೋಗ್ಲಿ. ಇಟ್ಟಿದ್ದನ್ನ ತಿನ್ನೋದಾ?” ಅತ್ತಿತ್ತ ನಡೆದ. ಕೊನೆಗೆ ನಿಂತು, “ನೋಡಿ, ಇದನ್ನ ನಾನು ಕಚೇರೀಲಿ ಹೇಳಿದ್ರೆ ನಾಳೆಯಿಂದ ಯಾರೂ ಕೆಲಸಕ್ಕೆ ಕೂರಲ್ಲ. ಬಾಗಿಲು ಸರಿ ಇರಲಿಲ್ಲ ಅಂತ ಹೇಳ್ತೀನಿ. ಬಾಗಿಲನ್ನ ಪಟ್ಟಣಕ್ಕೆ ಕಳಿಸ್ತೀನಿ, ಮನುಷ್ಯರನ್ನಲ್ಲ. ಈ ಕೇಂದ್ರಕ್ಕೆ ಎರಡು ಜನ ಬೇಕೇ ಬೇಕು, ಒಬ್ರು ಕೆಲಸಕ್ಕೆ, ಇನ್ನೊಬ್ರು ಅವರು ಏನು ತಿಂತಾರೆ ಅಂತ ಕಾಯೋಕೆ. ಆದ್ರೆ ಯಂತ್ರದ ಮುಂದೆ ನಿಂತು ಕ್ಷಮೆ ಕೇಳಿ ಮೇಸ್ತ್ರಿ. ಈಗ್ಲೇ. ಕೇಳದೆ ನಾನು ದೋಣಿ ಹತ್ತಲ್ಲ, ಸಮುದ್ರ ಬೇರೆ ಹೀಗಿದೆ.”

ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಕಿಟಕಿಯಲ್ಲಿ ಮತ್ತೆ ಮುಖಗಳು ತುಂಬಿಕೊಂಡವು. ಅಂಗಡಿ ಅಜ್ಜಿ ಸ್ಟೂಲು ತಂದು ಹಾಕಿಕೊಂಡಿದ್ದಳು. ಮೇಸ್ತ್ರಿ ಟೋಪಿ ತೆಗೆದು, ಕೈ ಜೋಡಿಸಿ, ಕಪಾಟಿನ ಮುಂದೆ ನಿಂತ. ಕಿವಿ ಕೆಂಪಾಗಿ ಉರಿಯುತ್ತಿತ್ತು.

“ಯಂತ್ರವೇ,” ಎಂದು ಗಂಟಲು ಸರಿಮಾಡಿಕೊಂಡ. “ಹಸಿವಾಗಿತ್ತು, ತಿಂದೆ. ತಪ್ಪಾಯ್ತು.”

ಕಿಟಕಿಯಿಂದ ನಗು. ಅಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಕಪಾಟಿನ ಗಾಜಿನಲ್ಲಿ ಹಿಂದೆ ನಿಂತ ಪಾವ್‌ಚಿನ್‌ಳ ಮುಖ ಕಾಣುತ್ತಿತ್ತು, ಅವಳು ನಗುತ್ತಿರಲಿಲ್ಲ. ಇಷ್ಟು ವರ್ಷ ಅವಳು ನಗದಿದ್ದದ್ದೆಲ್ಲ ಅವನಿಗೆ ಒಮ್ಮೆಗೇ ಕಂಡಿತು.

“ಇನ್ನೂ ಒಂದಿದೆ,” ಎಂದ ಯಂತ್ರಕ್ಕೆ. “ಇಷ್ಟು ವರ್ಷ ನಿನ್ನ ಆಡ್ಕೊಂಡು ನಕ್ಕೆ. ಊರವರನ್ನೂ ನಗಿಸ್ದೆ. ನಾನು ಮಾಡದೇ ಬಿಟ್ಟ ಕೆಲಸಾನ ನೀನು ಸದ್ದಿಲ್ದೆ ಕಾಯ್ತಾ ಇದ್ದೆ, ನಂಗೆ ಗೊತ್ತೇ ಆಗ್ಲಿಲ್ಲ. ಇವತ್ತು ಬೆಳಿಗ್ಗೆ ನಿನ್ನ ಮೇಲೆ ತಪ್ಪು ಬಂದಾಗ ಬಾಯಿ ಮುಚ್ಕೊಂಡು ಕೂತಿದ್ದೆ. ಅದು ತಿಂದಿದ್ದಕ್ಕಿಂತ ದೊಡ್ಡ ತಪ್ಪು.”

ಕಿಟಕಿಯ ನಗು ನಿಂತುಹೋಯಿತು. ಇನ್‌ಸ್ಪೆಕ್ಟರ್ ಕೆಳಗೆ ನೋಡಿದ.

“ಮೇಸ್ತ್ರಿ,” ಎಂದಳು ಪಾವ್‌ಚಿನ್. “ಯಂತ್ರದ ಮೇಲೆ ಯಾವಾಗ ತಪ್ಪು ಬಂತು? ಬಂದಿದ್ದು ನನ್ನ ಮೇಲೆ.”

ಅವನು ತಿರುಗಿದ. ಯಂತ್ರಕ್ಕೆ ಹೇಳುವುದು ಇದಕ್ಕಿಂತ ಎಷ್ಟೋ ಸುಲಭವಾಗಿತ್ತು.

“ತಪ್ಪಾಯ್ತು ಅಕ್ಕ,” ಎಂದ.

“ಫ್ಯಾನ್ ಸದ್ದು. ಕೇಳಿಸ್ಲಿಲ್ಲ.”

“ತಪ್ಪಾಯ್ತು ಅಕ್ಕ!” ಎಂದು ಕೂಗಿದ. ಧಕ್ಕೆಯವರೆಗೂ ಕೇಳಿಸಿತು.

ಪಾವ್‌ಚಿನ್ ತನ್ನ ಕೆಲಸದ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡಳು. “ಹೂಂ,” ಎಂದಳು. “ಸಂಜೆ ಮನೆಗೆ ಬಂದು ಊಟ ಮಾಡಿ. ಹಸಿದ ಗಂಡಸನ್ನ ಯಂತ್ರದ ಹತ್ರ ಬಿಡೋಕಾಗಲ್ಲ.”